ಶುಷ್ಕಕಂಚುಕ ವಿಚಾರ: ಸುರಪುರದ ಅಳತೆಪಟ್ಟಿಯೊಂದರ ಮೇಲೆ ಕಿರುಭಾಷ್ಯ

ಯಾವುದೇ ಶಾಸ್ತ್ರಕ್ಕೆ ಕೈಹಾಕುವ ಮುನ್ನ ಅದರ ವಿಷಯವೇನು, ಪ್ರಯೋಜನವೇನು, ಅಧಿಕಾರಿ ಯಾರು, ಇವುಗಳಿಗೆ ಪರಸ್ಪರ ಸಂಬಂಧವೆಂತಹುದು ಎಂಬ ನಾಲ್ಕು ಅನುಬಂಧಗಳನ್ನು ನಿರೂಪಿಸತಕ್ಕದ್ದೆಂಬುದು ಪ್ರಾಚೀನರ ಸಂಪ್ರದಾಯವಾಗಿರುವುದರಿಂದ, ಆ ಸಂಪ್ರದಾಯವನ್ನು ಮುರಿಯುವ ಧೈರ್ಯವಾಗಲಿ ಸರಿಯಾಗಿ ಪಾಲಿಸುವ ಪಾಂಡಿತ್ಯವಾಗಲಿ ಇಲ್ಲದ ಈ ಪ್ರಬಂಧಕಾರನು ಮೊದಲಿಗೇ ನಿವೇದಿಸಿಕೊಳ್ಳುವುದೇನೆಂದರೆ: ವಿಷಯವು, ಶೀತಜಲದಲ್ಲಿ ಮುಳುಗುವವನು ಮೈ ಒದ್ದೆಯಾಗದಂತೆ ತೊಡುವ, ಲೋಕರೂಢಿಯಲ್ಲಿ ಡ್ರೈಸೂಟ್ ಎನಿಸಿಕೊಳ್ಳುವ ಉಡುಪನ್ನು ಅಳತೆ ಕೊಟ್ಟು ಹೊಲಿಸಿಕೊಳ್ಳುವುದು, ಪ್ರಯೋಜನವು ಚಳಿಯಿಂದ ಬಿಡುಗಡೆ, ಅಧಿಕಾರಿಯು ಮುಳುಗುವ ವಿದ್ಯೆಯನ್ನು ಈಚೆಗಷ್ಟೇ ಕಲಿತ, ಸಂಬಳದ ಹಣವನ್ನು ಇನ್ನೂ ಪೂರ್ತಿ ಕಳೆದುಕೊಳ್ಳದ ತರುಣ, ಸಂಬಂಧವೋ, ಆ ಹಣಕ್ಕೂ ಆ ಉಡುಪಿಗೂ ನಡುವೆ ಇರುವ ಅನಿರ್ವಚನೀಯವಾದ ಆಕರ್ಷಣೆ.

ಇಲ್ಲಿ ಪೂರ್ವಪಕ್ಷಿಯು ಆಕ್ಷೇಪವೆತ್ತುತ್ತಾನೆ. ಚೈತ್ರ ಕಳೆಯುವುದೇ ತಡ ಪಾದರಸವು 40 ಡಿಗ್ರಿಯ ಗೆರೆಯನ್ನು ದಾಟಿ ಅಲ್ಲಿಯೇ ಠಿಕಾಣಿ ಹೂಡುವ, ಮಧ್ಯಾಹ್ನದಲ್ಲಿ ನಲ್ಲಿಯ ನೀರು ಕಾಯಿಸದೆಯೇ ಸ್ನಾನಕ್ಕೆ ಒದಗುವ ಯಾದಗಿರಿ ಸೀಮೆಯಲ್ಲಿ, ಭೀಮೆಯ ಮಡುವೂ ನಾರಾಯಣಪುರದ ಬಸವಸಾಗರವೂ ಶಹಾಪುರದ ಶಾಖಾ ಕಾಲುವೆಯೂ ಎಮ್ಮೆಗಳಿಗೆ ಹಿತಕರವಾದ ಶಯ್ಯೆಗಳಾಗಿರುವಾಗ, ಚಳಿನೀರಿನ ಕವಚವನ್ನು ಕುರಿತ ಜಿಜ್ಞಾಸೆಯು ಗಗನಕುಸುಮದ ಪರಿಮಳವನ್ನು ವರ್ಣಿಸಿದಂತಲ್ಲವೆ? ಆಕ್ಷೇಪವು ಬಲವಾದುದೇ. ಆದರೆ ಪೂರ್ವಪಕ್ಷಿಯು ಮರೆತಿರುವುದೇನೆಂದರೆ, ಈ ಸೀಮೆಯ ನೀರು ಇಲ್ಲಿಯೇ ನಿಂತರೂ ಮಕ್ಕಳು ಇಲ್ಲಿಯೇ ನಿಲ್ಲುವುದಿಲ್ಲ; ಹತ್ತಿ, ತೊಗರಿ, ಭತ್ತಗಳ ಜೊತೆಗೆ ಈಗ ಈ ಎರೆಭೂಮಿಯು ಇಂಜಿನಿಯರುಗಳನ್ನೂ ಬೆಳೆಯುತ್ತಿದೆ, ಮತ್ತು ಆ ಬೆಳೆಗೆ ಸ್ಥಳೀಯ ಮಾರುಕಟ್ಟೆಯಿಲ್ಲ.

ನಮ್ಮ ಪ್ರಸ್ತುತ ಅಧಿಕಾರಿಯು (ಈ ಮಾತನ್ನು ಶಾಸ್ತ್ರಾರ್ಥದಲ್ಲಿ ಗ್ರಹಿಸತಕ್ಕದ್ದು, ತಹಸೀಲ್ದಾರರು ತಪ್ಪು ತಿಳಿಯಬಾರದು) ಅಂತಹ ಒಂದು ಬೆಳೆ. ಶಹಾಪುರದಲ್ಲಿ ಬುದ್ಧ ಮಲಗಿದ ಬೆಟ್ಟವನ್ನು ದಿನವೂ ನೋಡುತ್ತ ಬೆಳೆದರೂ ಸ್ವತಃ ಒಂದು ಗಳಿಗೆ ಸುಮ್ಮನೆ ಮಲಗಲಾರದ ಈತನು, ಸ್ಕಾಟ್ಲೆಂಡಿನ ಅಬರ್ಡೀನಿನಲ್ಲಿ ಉದ್ಯೋಗ ಹಿಡಿದು, ರಜೆಗೆ ಬಂದಾಗ ಮುರ್ಡೇಶ್ವರದಿಂದ ಕಡಲೊಳಗೆ ಸುಮಾರು 19 ಕಿಲೋಮೀಟರು ದೂರದ ನೇತ್ರಾಣಿ ದ್ವೀಪದ ಬೆಚ್ಚನೆಯ ನೀರಿನಲ್ಲಿ ಸ್ಕೂಬಾ ಕಲಿತು, ಮರಳಿ ಹೋದೊಡನೆ ಆರ್ಕ್ನಿ ದ್ವೀಪಗಳ ಸ್ಕಾಪಾ ಫ್ಲೋ ಎಂಬ ಕಡಲಮಡುವಿನ ಮೇಲೆ ಕಣ್ಣಿಟ್ಟನು. 1919ರ ಜೂನ್ 21ರಂದು ಅಲ್ಲಿ ಸೆರೆಯಲ್ಲಿದ್ದ ಜರ್ಮನ್ ನೌಕಾಪಡೆಯು ಶತ್ರುವಿಗೆ ಸಿಗಬಾರದೆಂದು ತನ್ನ ಹಡಗುಗಳನ್ನು ತಾನೇ ಮುಳುಗಿಸಿಕೊಂಡಿತು. ಅವುಗಳಲ್ಲಿ ದೊಡ್ಡವು ಏಳು ಇನ್ನೂ ತಳದಲ್ಲಿವೆ. ಅವನ್ನು ಕಣ್ಣಾರೆ ನೋಡಬೇಕೆಂಬುದು ಈತನ ಹಂಬಲ. ನಡುಬೇಸಗೆಯಲ್ಲಿಯೂ ಆ ನೀರು 14 ಡಿಗ್ರಿಯ ಆಸುಪಾಸಿನಲ್ಲಿಯೇ ಇರುತ್ತದೆಂಬುದು ಅದರ ಬೆನ್ನಿಗೆ ಬಂದ ದುಃಖ.

ಪ್ರಮಾಣಗಳ ವಿಷಯದಲ್ಲಿ ಒಂದು ಮಾತು. ಪ್ರತ್ಯಕ್ಷಪ್ರಮಾಣವು ಈ ಪ್ರಬಂಧಕಾರನಿಗೆ ಒದಗಿಲ್ಲ. ಈಜು ಬಾರದ ಕಾರಣ ಯಾದಗಿರಿಯ ಭೀಮಾ ಸೇತುವೆಯ ಕೆಳಗೆ ಮೊಳಕಾಲುಮಟ್ಟದ ನೀರಿಗಿಂತ ಮುಂದೆ ಆತನ ಸಂಶೋಧನೆ ಸಾಗಿರುವುದಿಲ್ಲ. ಅನುಮಾನವು ಹೇರಳವಾಗಿದೆ. ಶಬ್ದಪ್ರಮಾಣವೋ, ಅಧಿಕಾರಿಯೂ ಆತನ ಸೋದರಮಾವನೂ ಒಟ್ಟಿಗೇ ಮಾತನಾಡುತ್ತಿದ್ದುದರಿಂದ ಅಗತ್ಯಕ್ಕಿಂತ ಹೆಚ್ಚಾಗಿಯೇ ದೊರೆತಿದೆ.

ಇನ್ನು ಇತಿಹಾಸ. ಪಾಶ್ಚಾತ್ಯ ಪಂಡಿತರು ಈ ಉಡುಪಿನ ವಂಶಾವಳಿಯನ್ನು 1837ರಲ್ಲಿ ಲಂಡನ್ನಿನ ಅಗಸ್ಟಸ್ ಸೀಬೆ ಎಂಬ ಜರ್ಮನ್ ಮೂಲದ ಕುಶಲಿಯು ಲೋಹದ ಶಿರಸ್ತ್ರಾಣವನ್ನು ನೀರು ನುಗ್ಗದ ಅಂಗಿಗೆ ಬಿಗಿದು ಜೋಡಿಸಿದಂದಿನಿಂದ ಎಣಿಸುತ್ತಾರೆ. 1943ರಲ್ಲಿ ಫ್ರಾನ್ಸಿನ ಕುಸ್ತೋ ಮತ್ತು ಗಾನ್ಯಾನ್ ಎಂಬಿಬ್ಬರು, ಉಸಿರೆಳೆದಾಗ ಮಾತ್ರ ಗಾಳಿ ಕೊಡುವ ಯಂತ್ರವನ್ನು ರೂಪಿಸಿ, ಮುಳುಗುವವನನ್ನು ದಡದ ಪಂಪಿನ ಋಣದಿಂದ ಬಿಡಿಸಿದರು. ಇವರು ಮಹನೀಯರೇ ಸರಿ, ಆದರೆ ರನ್ನನನ್ನು ಓದಿದವರಲ್ಲ. 10ನೆಯ ಶತಮಾನದ ಗದಾಯುದ್ಧದಲ್ಲಿ ದುರ್ಯೋಧನನು ಸಿಲಿಂಡರಿಲ್ಲದೆ, ಕವಾಟವಿಲ್ಲದೆ, ಕೇವಲ ಮಂತ್ರಬಲದಿಂದ ವೈಶಂಪಾಯನ ಸರೋವರದಲ್ಲಿ ಅಡಗಿರುವನಷ್ಟೆ. ದಡದಲ್ಲಿ ನಿಂತ ಭೀಮನ ಗರ್ಜನೆಗೆ ಆತನು ನೀರಿನೊಳಗಿದ್ದೂ ಬೆವರಿದನೆಂದು ಕವಿಯು ಹೇಳಿರುವುದನ್ನು ವಿಮರ್ಶಕರು ತಲೆತಲಾಂತರದಿಂದ ರೌದ್ರರಸದ ಉತ್ಕರ್ಷವೆಂದು ಕೊಂಡಾಡುತ್ತ ಬಂದಿದ್ದಾರೆ. ನಮ್ಮ ವಿನಮ್ರ ಅಭಿಪ್ರಾಯದಲ್ಲಿ ಅದು ಒಳಉಡುಪಿನ ಆಯ್ಕೆಯಲ್ಲಾದ ದೋಷ. ನೀರಿನ ಉಷ್ಣತೆಯನ್ನು ವಿಚಾರಿಸದೆ ದಪ್ಪ ಉಣ್ಣೆಯನ್ನು ತೊಟ್ಟು ಇಳಿದವನು ಬೆವರದೆ ಇನ್ನೇನು ಮಾಡಿಯಾನು? ಬೆವರಿದ ಉಡುಪು ಮುಂದೆ ತಂಪಾಗಿ, ಯಾವ ಚಳಿಗೆ ಅಂಜಿ ಅದನ್ನು ತೊಟ್ಟನೋ ಆ ಚಳಿಯನ್ನೇ ಬರಮಾಡಿಕೊಳ್ಳುತ್ತದೆಂಬುದು ಇಂದಿನ ಬೋಧಕರ ಎಚ್ಚರಿಕೆಯೂ ಆಗಿದೆ.

ತತ್ತ್ವವನ್ನು ಸಂಕ್ಷೇಪವಾಗಿ ಹೇಳುವುದಾದರೆ, ನೀರು ಮೈಯ ಶಾಖವನ್ನು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಒಯ್ಯುತ್ತದೆ. ವೆಟ್‌ಸೂಟ್ ಎಂಬ ಉಡುಪು ತೆಳುವಾದ ನೀರಿನ ಪದರವೊಂದನ್ನು ಒಳಗೆ ಬಿಟ್ಟುಕೊಂಡು ಅದರೊಡನೆ ರಾಜಿ ಮಾಡಿಕೊಳ್ಳುತ್ತದೆ. ಡ್ರೈಸೂಟ್ ಯಾವ ರಾಜಿಗೂ ಒಪ್ಪದೆ ಕುತ್ತಿಗೆಯಲ್ಲಿಯೂ ಮಣಿಕಟ್ಟಿನಲ್ಲಿಯೂ ಲೇಟೆಕ್ಸ್ ಇಲ್ಲವೆ ಸಿಲಿಕೋನಿನ ಪಟ್ಟಿಗಳಿಂದ ಬಾಗಿಲು ಹಾಕಿಕೊಂಡು, ಮೈಗೂ ನೀರಿಗೂ ನಡುವೆ ಗಾಳಿಯನ್ನು ಕಾಪಾಡುತ್ತದೆ. ಆ ಗಾಳಿಯೇ ಈ ದರ್ಶನದ ಪರತತ್ತ್ವ, ಮತ್ತು ಪರತತ್ತ್ವದಂತೆಯೇ ಅದನ್ನು ಕೈಯಲ್ಲಿ ಹಿಡಿದಿಡುವುದು ಕಷ್ಟ. 10 ಮೀಟರು ಇಳಿದೊಡನೆ ಒತ್ತಡ ಇಮ್ಮಡಿಯಾಗಿ ಗಾಳಿಯು ಅರ್ಧಕ್ಕೆ ಕುಗ್ಗುತ್ತದೆ. ಎದೆಯ ಮೇಲಿನ ಗುಂಡಿಯನ್ನೊತ್ತಿ ಹೊಸ ಗಾಳಿಯನ್ನು ತುಂಬದಿದ್ದರೆ ಉಡುಪಿನ ಮಡಿಕೆಗಳು ಮೈಯನ್ನು ಚಿವುಟಿ ಬಾಸುಂಡೆ ಎಬ್ಬಿಸುತ್ತವೆ. ಮೇಲೇರುವಾಗ ಅದೇ ಗಾಳಿ ಹಿಗ್ಗುವುದರಿಂದ ಎಡತೋಳಿನ ಕವಾಟದ ಮೂಲಕ ಹೊರಬಿಡಬೇಕು. ಇದನ್ನು ಮರೆತು ತಲೆ ಕೆಳಗಾದವನ ಕಾಲುಗಳಲ್ಲಿ ಗಾಳಿ ಸೇರಿಕೊಂಡರೆ ಆತನು ಶೀರ್ಷಾಸನದ ಭಂಗಿಯಲ್ಲಿಯೇ, ತಡೆಯಲಾರದ ವೇಗದಿಂದ, ಸದೇಹನಾಗಿ ಊರ್ಧ್ವಲೋಕಕ್ಕೆ ಏರುವನು. ಇದು ನಗೆಯ ಮಾತಲ್ಲ, ಶ್ವಾಸಕೋಶಕ್ಕೆ ಅಪಾಯವಿದೆ. ಉಡುಪನ್ನು ಕೊಳ್ಳುವವನು ಅದರ ಶಿಕ್ಷಣವನ್ನೂ ಪ್ರತ್ಯೇಕವಾಗಿ ಪಡೆಯತಕ್ಕದ್ದೆಂಬ ನಿಯಮ ಬಂದಿರುವುದು ಈ ಕಾರಣದಿಂದಲೇ.

ಸಿದ್ಧ ಅಳತೆಯ ಉಡುಪುಗಳು ಅಂಗಡಿಯಲ್ಲಿ ದೊರೆಯುತ್ತಿರಲು ಲಕ್ಷ ರೂಪಾಯಿಗಳಿಗೆ ಮೇಲ್ಪಟ್ಟು ತೆತ್ತು ಹೊಲಿಸಿಕೊಳ್ಳುವುದೇಕೆಂದರೆ, ಅಲ್ಲಿಯ ಸಿದ್ಧ ಉಡುಪುಗಳು ಅಲ್ಲಿಯ ದೇಹಗಳನ್ನು ಉದ್ದೇಶಿಸಿದವು. ಜೋಳದ ರೊಟ್ಟಿಯಿಂದ ಬೆಳೆದ ನಮ್ಮವನ ಕಾಲು ಗಿಡ್ಡ, ಭುಜ ಅಗಲ, ಮತ್ತು ಶೇಂಗಾ ಹೋಳಿಗೆಯ ಸಾಕ್ಷ್ಯವು ಸೊಂಟದ ಭಾಗದಲ್ಲಿ ಸ್ಪಷ್ಟವಾಗಿದೆ. ಉಡುಪು ಸಡಿಲವಾದರೆ ಗಾಳಿ ಬೇಕಾದತ್ತ ಓಡಾಡುತ್ತದೆ. ಬಿಗಿಯಾದರೆ ಕೈಕಾಲು ಆಡುವುದಿಲ್ಲ. ಆದುದರಿಂದ ತಯಾರಕರು ಅಳತೆಪಟ್ಟಿಯೊಂದನ್ನು ಕಳುಹಿಸಿದರು. ಆತನೋ, ಶಾಲೆಯ ಸಮವಸ್ತ್ರದ ಕಾಲದಿಂದ ತನ್ನ ಮೈಯ ಮರ್ಮವನ್ನು ಬಲ್ಲವರು ತಾಯಿಯ ತವರಾದ ಸುರಪುರದಲ್ಲಿ ಮಾತ್ರ ಇದ್ದಾರೆಂದು ಹಟಹಿಡಿದು, ಆ ಪಟ್ಟಿಯನ್ನು ಹಿಡಿದುಕೊಂಡು ವೈಶಾಖದ ಉರಿಯಲ್ಲಿ ಊರಿಗೆ ಬಂದನು.

ಸುರಪುರದಲ್ಲಿ ಟೇಲರ್ ಎಲ್ಲಿ ಎಂದು ಪರಸ್ಥಳದವರು ವಿಚಾರಿಸಿದರೆ, 1841ರಿಂದ ಮುಂದೆ ಇಲ್ಲಿ ಕಂಪನಿಯ ಪರವಾಗಿ ಸಂಸ್ಥಾನದ ಕಾರಭಾರ ನೋಡಿದ, ಕಾದಂಬರಿಕಾರನೂ ಆಗಿದ್ದ ಮೆಡೋಸ್ ಟೇಲರನ ಮಂಜಿಲಿಗೆ ದಾರಿ ತೋರಿಸುವ ಸಜ್ಜನರುಂಟು. ನಮಗೆ ಬೇಕಾದವರು ಪೇಟೆಯ ಗಲ್ಲಿಯೊಂದರಲ್ಲಿ ಕಾಲುಮೆಟ್ಟಿನ ಯಂತ್ರದ ಹಿಂದೆ, ಕೊರಳಿಗೆ ಟೇಪು ಹಾಕಿಕೊಂಡು ಕುಳಿತಿದ್ದರು. ಕರೆಂಟು ಹೋಗಿತ್ತು. ಅಳತೆಗಳನ್ನು ಒಳಉಡುಪಿನ ಮೇಲಿಂದಲೇ ತೆಗೆಯತಕ್ಕದ್ದೆಂದು ಪಟ್ಟಿಯಲ್ಲಿ ವಿಧಿಸಿದ್ದುದರಿಂದ, ನಮ್ಮ ಅಧಿಕಾರಿಯು ಕುತ್ತಿಗೆಯಿಂದ ಕಣಕಾಲಿನವರೆಗೆ ದಪ್ಪ ಫ್ಲೀಸಿನ ಒಂದೇ ಉಡುಪನ್ನು ತೊಟ್ಟು, ದುರ್ಯೋಧನನಿಗಿಂತ ಹೆಚ್ಚು ಬೆವರುತ್ತ, ಅಂಗಡಿಯ ಮೆಟ್ಟಿಲ ಮೇಲೆ ನಿಂತನು.

“ಏನ್ ತಮ್ಮಾ, ಇಂಥಾ ಬಿಸಲಾಗ ಇದೇನ್ ಹಾಕ್ಕೊಂಡು ಬಂದೀ? ಜ್ವರಾ ಬಂದಾವೇನು?”

“ಇದರ ಮ್ಯಾಲೇ ಅಳತಿ ತಗೋಬೇಕಂತ ಕಾಕಾ, ಕಾಗದದಾಗ ಬರದಾರ.”

ಮಾಸ್ತರರು ಕಾಗದವನ್ನು ನೋಡಲಿಲ್ಲ. ಟೇಪನ್ನು ಹಿಡಿದು ಮೊದಲು ತಲೆಯ ಸುತ್ತಳತೆ ಎಂದಾಗ ಮಾತ್ರ ಒಮ್ಮೆ ಹುಬ್ಬೇರಿಸಿದರು. ಕುತ್ತಿಗೆಯ ಪಟ್ಟಿಯು ತಲೆಯ ಮೇಲಿಂದಲೇ ಇಳಿಯಬೇಕೆಂದು ತಿಳಿಸಿದ ಮೇಲೆ ಸಮಾಧಾನಗೊಂಡರು. ಕೊರಳು, ಎದೆ, ತೋಳು, ಮಣಿಕಟ್ಟು, ತೊಡೆ, ಮೀನಖಂಡ ಇವೆಲ್ಲ ಆದ ಬಳಿಕ, ಭುಜದಿಂದ ಹೊರಟು ತೊಡೆಸಂದಿನಲ್ಲಿ ನುಸುಳಿ ಬೆನ್ನಿನ ಮೇಲೆ ಏರಿ ಹೊರಟಲ್ಲಿಗೇ ಮರಳುವ ಅಳತೆಯೊಂದು ಬಂದಿತು. ಈ ಪ್ರದಕ್ಷಿಣೆಯನ್ನು ಮಾಸ್ತರರು ಎರಡು ಸಲ ಮಾಡಿದರು. ಆತನನ್ನು ನಿಲ್ಲಿಸಿ ಒಮ್ಮೆ, “ಕುಂಡ್ರು ನೋಡೂಣು” ಎಂದು ಕುಕ್ಕುರುಗಾಲಿನಲ್ಲಿ ಕೂರಿಸಿ ಇನ್ನೊಮ್ಮೆ. ಕುಳಿತಾಗ ಟೇಪು ನಾಲ್ಕು ಬೆರಳು ಸಾಲದೆ ಬಂದಿತು. “ನಿಂತವನ ಅಳತಿ ಬ್ಯಾರೆ, ಕುಂತವನ ಅಳತಿ ಬ್ಯಾರೆ. ದೊಡ್ಡದು ಬರಕೋ” ಎಂದರು. ಅನಂತರ, “ಕೈ ಹಿಂದಕ್ಕ ಒಯ್ದು ಬೆನ್ನ ಮ್ಯಾಗ ತುರಿಸ್ಕೋ” ಎಂದು ಆಜ್ಞಾಪಿಸಿ, ಕಂಕುಳಲ್ಲಿ ಬಟ್ಟೆ ಎಷ್ಟು ಎಳೆಯುತ್ತದೆಂದು ಬೆರಳಿಟ್ಟು ನೋಡಿದರು. ವಿದೇಶದ ಗ್ರಂಥಗಳಲ್ಲಿ, ಡ್ರೈಸೂಟ್ ತೊಟ್ಟವನು ಕುಕ್ಕುರುಗಾಲಲ್ಲಿ ಕೂರಬೇಕು, ಕೈಯನ್ನು ಹಿಂದಕ್ಕೊಯ್ದು ಬೆನ್ನ ಸಿಲಿಂಡರಿನ ತಿರುಗಣೆಯನ್ನು ಮುಟ್ಟಬೇಕು ಎಂದು ಪುಟಗಟ್ಟಲೆ ಬರೆದಿರುವ ಪರೀಕ್ಷೆಗಳು ಇವೇ. ಆ ಗ್ರಂಥಗಳು ಸುರಪುರಕ್ಕೆ ಇನ್ನೂ ಬಂದಿಲ್ಲ.

ಬಟ್ಟೆ, ಜಿಪ್ಪು, ಪಟ್ಟಿಗಳ ವಿಚಾರಕ್ಕೆ ಹೆಚ್ಚು ಸ್ಥಳ ಬೇಕಿಲ್ಲ. ನಿಯೋಪ್ರೀನಿನ ಉಡುಪು ತಾನೂ ಸ್ವಲ್ಪ ಬೆಚ್ಚಗಿಡುತ್ತದೆ, ಆದರೆ ಆಳದಲ್ಲಿ ಕುಗ್ಗಿ ತೆಳುವಾಗುತ್ತದೆ. ನೈಲಾನುಗಳ ನಡುವೆ ರಬ್ಬರನ್ನು ಬೆಸೆದ ಮೂರು ಪದರದ ಬಟ್ಟೆಯು ಹಗುರ, ಬೇಗ ಒಣಗುತ್ತದೆ, ಬೆಚ್ಚಗಿಡುವ ಹೊಣೆಯನ್ನು ಮಾತ್ರ ಪೂರ್ತಿಯಾಗಿ ಒಳಉಡುಪಿನ ಮೇಲೆ ಹೊರಿಸುತ್ತದೆ. ಜಿಪ್ಪು ಬೆನ್ನ ಮೇಲೆ ಅಡ್ಡಕ್ಕಿದ್ದರೆ ಎಳೆದುಕೊಡಲು ಇನ್ನೊಬ್ಬರು ಬೇಕು, ಎದೆಯ ಮೇಲೆ ಓರೆಯಾಗಿದ್ದರೆ ಬೇಡ; ಅವಿವಾಹಿತನಾದ ಅಧಿಕಾರಿಯು ಎರಡನೆಯದನ್ನು ಆರಿಸಿದ್ದು ಯುಕ್ತವಾಗಿದೆ. ಲೇಟೆಕ್ಸ್ ಪಟ್ಟಿಗೆ ಬಿಸಿಲೂ ಎಣ್ಣೆಯೂ ವೈರಿಗಳು. ಆತನ ಅಜ್ಜಿ ತಲೆಗೆ ಮೈಗೆ ಕೊಬ್ಬರಿ ಎಣ್ಣೆ ಹಚ್ಚಿಯೇ ಮೊಮ್ಮಗನನ್ನು ಕಳುಹಿಸಬೇಕೆನ್ನುವ ಪಕ್ಷದವಳಾದುದರಿಂದ, ಈ ವಿಷಯದಲ್ಲಿ ಶಾಸ್ತ್ರಕ್ಕೂ ಶಿಷ್ಟಾಚಾರಕ್ಕೂ ವಿರೋಧವಿದೆ. ಪರಿಹಾರ ನಮಗೆ ತೋಚಿಲ್ಲ.

ಇಲ್ಲೊಂದು ಮತಾಂತರವನ್ನು ಉಲ್ಲೇಖಿಸದಿದ್ದರೆ ಪ್ರಬಂಧವು ಪಕ್ಷಪಾತಿಯಾದೀತು. ಸುರಪುರ ಸೀಮೆಯಲ್ಲಿ ಕೃಷ್ಣೆಯ ನಡುವಿನ ನಡುಗಡ್ಡೆಯಾದ ನೀಲಕಂಠರಾಯನಗಡ್ಡಿಯವರು, ಮೇಲಿನ ಅಣೆಕಟ್ಟೆಯಿಂದ ನೀರು ಬಿಟ್ಟಾಗ ಹೊರಲೋಕದ ಸಂಪರ್ಕ ತಪ್ಪಿ, ಒಣಗಿದ ಸೋರೆಬುರುಡೆಗಳನ್ನು ಮೈಗೆ ಕಟ್ಟಿಕೊಂಡು ಹೊಳೆ ದಾಟಿದವರು. 2014ರ ಮಳೆಗಾಲದಲ್ಲಿ ಅಲ್ಲಿಯ ತುಂಬು ಗರ್ಭಿಣಿಯೊಬ್ಬರು ಹೆರಿಗೆಗೆ ಆಸ್ಪತ್ರೆ ಸಿಗಲೆಂದು, ತಂದೆ ಅಣ್ಣತಮ್ಮಂದಿರ ಬೆಂಗಾವಲಿನಲ್ಲಿ, ಇದೇ ಸಾಧನವನ್ನು ನಂಬಿ ತುಂಬಿದ ಕೃಷ್ಣೆಯನ್ನು ಈಜಿದರು. ಮುಚ್ಚಿದ ಗಾಳಿ, ನೀರು ನುಗ್ಗದ ಹೊದಿಕೆ, ತೊಡುವವರ ಮೈಗೆ ಒಪ್ಪುವಂತೆ ಆರಿಸಿದ ಗಾತ್ರ: ಲಕ್ಷಣಗಳೆಲ್ಲ ಕೂಡಿಬರುತ್ತವೆ. ಮುಳುಗುವುದಕ್ಕೆ ಹಣ ಕೊಡುವವರ ಶಾಸ್ತ್ರಕ್ಕೂ ಮುಳುಗದೆ ಉಳಿಯಬೇಕಾದವರ ಶಾಸ್ತ್ರಕ್ಕೂ ತತ್ತ್ವ ಒಂದೇ, ಬಿಲ್ಲು ಬೇರೆ. ಈ ಮಾತನ್ನು ಅಧಿಕಾರಿಗೆ ಹೇಳಲಾಗಿ ಆತನು ಬಹಳ ಹೊತ್ತು ಸುಮ್ಮನಿದ್ದು, ಬಣ್ಣ ಕಪ್ಪೋ ಕೆಂಪೋ ಎಂಬ ಹೆಚ್ಚುವರಿ ಶುಲ್ಕದ ಪ್ರಶ್ನೆಯಲ್ಲಿ ಕಪ್ಪನ್ನೇ ಗುರುತು ಮಾಡಿದನು.

ಅಳತೆಗಳೆಲ್ಲ ಮುಗಿದು ಟೇಪನ್ನು ಮತ್ತೆ ಕೊರಳಿಗೆ ಹಾಕಿಕೊಂಡ ಮೇಲೆ ಮಾಸ್ತರರು ಕೇಳಿದ್ದು ಒಂದೇ ಪ್ರಶ್ನೆ. “ಅಂಗಿ ಪ್ಯಾಂಟು ಎರಡೂ ಕೂಡೇ ಹೊಲಿತಾರ. ಮುಂದ ಗುಂಡಿ ಇಲ್ಲ. ತಾಸಗಟ್ಲೆ ನೀರಾಗ ಇರ್ತೀನಂತಿ. ಒಂದಕ್ಕ ಬಂದ್ರ ಹೆಂಗ ತಮ್ಮಾ?”

ಆತನಲ್ಲಿ ಉತ್ತರವಿರಲಿಲ್ಲ. ಪಟ್ಟಿಯ ಕೊನೆಯ ಪುಟದಲ್ಲಿ, ಜೇಬುಗಳೂ ಹೆಸರು ಬರೆಸುವ ಸೌಲಭ್ಯವೂ ಮುಗಿದ ಮೇಲೆ, ಸಣ್ಣಕ್ಷರಗಳಲ್ಲಿ ಅದಕ್ಕೆ ಮೂರು ಮಾರ್ಗಗಳನ್ನು ಸೂಚಿಸಿದ್ದಿತು: ನಿಲ್ಲುವವರಿಗೆ ಮುಂಭಾಗದಲ್ಲಿ ಇನ್ನೊಂದು ಜಲಾಭೇದ್ಯ ಜಿಪ್ಪು, ಅದು ದಡದಲ್ಲಿ ಮಾತ್ರ ಉಪಯುಕ್ತ, ತೊಡೆಯ ಮೇಲೆ ಕೊಳವೆ ಜೋಡಿಸಿದ ಕವಾಟ, ಅದು ನೀರಿನೊಳಗೂ ಉಪಯುಕ್ತ, ಆದರೆ ಉಡುಪು ಸಿದ್ಧವಾದ ಮೇಲೆ ಬೇಕೆಂದರೆ ತೂತು ಕೊರೆಯಬೇಕು, ಎರಡೂ ಬೇಡವಾದವರಿಗೆ ವಯಸ್ಕರ ಡಯಾಪರು. ತಣ್ಣೀರಿಗೆ ಇಳಿದವನಲ್ಲಿ ರಕ್ತವು ಕೈಕಾಲುಗಳಿಂದ ಮೈಯ ನಡುಭಾಗಕ್ಕೆ ಸರಿಯುವುದರಿಂದ ಮೂತ್ರಪಿಂಡಗಳು ಹೆಚ್ಚು ದುಡಿಯುತ್ತವೆಂದೂ, ಆದಕಾರಣ ದಡದಲ್ಲಿ ಇಲ್ಲದ ಬಾಧೆಯು ಆಳದಲ್ಲಿ ತಪ್ಪದೆ ಒದಗುತ್ತದೆಂದೂ ವೈದ್ಯಶಾಸ್ತ್ರವು ಹೇಳುತ್ತದೆ. ಇದಕ್ಕೆ ಹೆದರಿ ನೀರು ಕುಡಿಯುವುದನ್ನೇ ಬಿಟ್ಟು ಮುಳುಗುವವರಿಗೆ ಬೇರೆ ಅಪಾಯಗಳಿವೆ. ಅಧಿಕಾರಿಯು ಅಲ್ಲಿಯೇ, ಮಾಸ್ತರರ ಯಂತ್ರದ ಹಲಗೆಯ ಮೇಲೆ ಕಾಗದವನ್ನಿಟ್ಟು, ತೊಡೆಯ ಕವಾಟಕ್ಕೆ ಗುರುತು ಹಾಕಿದನು.

ಆದುದರಿಂದ ದೇಶವಿದೇಶಗಳ ಡ್ರೈಸೂಟ್ ತಯಾರಕರೆಲ್ಲರಲ್ಲಿ ಈ ಪ್ರಬಂಧಕಾರನ ವಿನಂತಿ ಇಷ್ಟೆ: ನಿಮ್ಮ ಅಳತೆಪಟ್ಟಿಯ ಮುಂದಿನ ಮುದ್ರಣದಲ್ಲಿ ಆ ಪ್ರಶ್ನೆಯನ್ನು ಕೊನೆಯ ಪುಟದಿಂದ ಕಿತ್ತು, ತಲೆಯ ಸುತ್ತಳತೆಗಿಂತ ಮೇಲೆ, ದಪ್ಪಕ್ಷರಗಳಲ್ಲಿ ಅಚ್ಚು ಹಾಕಿಸಿರಿ.