ಪಿತೃಪಾದರಕ್ಷಾನುಸರಣ ಮೀಮಾಂಸೆ

ಶಬ್ದದ ನಿಷ್ಪತ್ತಿ ಹೇಳದೆ ಪ್ರಬಂಧ ಆರಂಭಿಸುವುದು ವಿದ್ವಾಂಸರ ಲಕ್ಷಣವಲ್ಲ. ಪತ್ತೇದಾರ ಎಂಬಲ್ಲಿಯ ‘ದಾರ’ ಪಾರಸಿಯಿಂದ ಬಂದ ಪ್ರತ್ಯಯ. ಅಮಲ್ದಾರ, ಹವಾಲ್ದಾರ, ಜಮೀನ್ದಾರರ ಸಾಲಿನಲ್ಲೇ ಪತ್ತೇದಾರನೂ ನಿಲ್ಲುತ್ತಾನೆ ಎನ್ನುತ್ತಾರೆ ಬಲ್ಲವರು. ಅವರ ಮಾತು ಸರಿ. ಆದರೆ ಸರಿಯಾದ ಮಾತಿನಿಂದ ಪ್ರಬಂಧ ಬೆಳೆಯುವುದಿಲ್ಲ. ಆದ್ದರಿಂದ ಇಲ್ಲಿ ದಾರ ಎಂದರೆ ಚಪ್ಪಲಿ ಹೊಲಿಯುವ ದಾರವೇ ಎಂದು ಸಾಧಿಸಲಾಗುವುದು. ಅದರ ಬಣ್ಣ ಕೆಂಪು. ಆಧಾರ ಮುಂದೆ ಬರುತ್ತದೆ.

ನಮ್ಮ ಮುಂದಿರುವ ಪ್ರಶ್ನೆ ಇಷ್ಟೆ: ಪತ್ತೇದಾರಿಕೆ ಅಪ್ಪನಿಂದ ಮಗನಿಗೆ ಇಳಿದು ಬರುತ್ತದೆಯೇ? ಬರುವುದಾದರೆ ಯಾವ ಊರಿನ ನೀರಿನಲ್ಲಿ?

ಪೂರ್ವಸೂರಿಗಳ ಸ್ಮರಣೆ ಮೊದಲು. ಕನ್ನಡದಲ್ಲಿ ಪತ್ತೇದಾರಿ ಕಾದಂಬರಿಯ ಬೆಳೆ ತೆಗೆದವರಲ್ಲಿ ಮುಂಚೂಣಿಯ ಮ. ರಾಮಮೂರ್ತಿ ಹುಟ್ಟಿದ್ದು ನಂಜನಗೂಡಿನಲ್ಲಿ, 1918ರಲ್ಲಿ. ಅವರ ಕಾದಂಬರಿಗಳ ಲೆಕ್ಕ 150 ದಾಟುತ್ತದೆ. ನಾಡಿಗೆ ಹಳದಿ ಕೆಂಪು ಬಾವುಟ ಕೊಟ್ಟವರೂ ಅವರೇ. ಬಾವುಟ ಹಿಡಿದವರಲ್ಲಿ ಬಹುಪಾಲು ಜನಕ್ಕೆ ಅವರ ಪತ್ತೇದಾರರ ಸುದ್ದಿಯೇ ಗೊತ್ತಿಲ್ಲ. ಪತ್ತೇದಾರನಿಗೆ ಇದಕ್ಕಿಂತ ದೊಡ್ಡ ಗೌರವ ಯಾವುದು? ಅವನ ಗುರುತು ಯಾರಿಗೂ ಸಿಗಬಾರದು. ತಂದೆ ‘ವೀರಕೇಸರಿ’ ಎಂದೇ ಹೆಸರಾದ ಪತ್ರಕರ್ತ, ಲೇಖಕ ಸೀತಾರಾಮಶಾಸ್ತ್ರಿ. ಅಲ್ಲಿಗೆ ಅಪ್ಪನ ಲೇಖನಿ ಮಗನಿಗೆ ಬಂದದ್ದು ಸಿದ್ಧವಾಯಿತು. ಭೂತಕನ್ನಡಿಯೂ ಹಾಗೆ ಬರುತ್ತದೆಯೇ ಎಂಬುದಷ್ಟೇ ಬಾಕಿ.

‘ರಾಮಮೂರ್ತಿಯವರು ಬರೆದದ್ದು ಬೆಂಗಳೂರಲ್ಲಿ ಕೂತು, ನಂಜನಗೂಡಿಗೇನು ಸಂಬಂಧ?’ ಎಂಬ ಆಕ್ಷೇಪ ಬರಬಹುದು. ಆಕ್ಷೇಪಿಸುವವರು ನಮಗೆ ಉಪಕಾರವನ್ನೇ ಮಾಡುತ್ತಿದ್ದಾರೆ. ನಂಜನಗೂಡಿನಲ್ಲಿ ಪತ್ತೇದಾರ ಹುಟ್ಟಬಹುದು, ಪತ್ತೇದಾರಿಕೆ ನಡೆಸಲಾಗದು ಎಂಬುದೇ ಈ ಪ್ರಬಂಧದ ಸಿದ್ಧಾಂತ.

ಸಿದ್ಧಾಂತಕ್ಕೆ ಒಂದು ದೃಷ್ಟಾಂತ ಬೇಕು. ಒಬ್ಬ ಬಾಲಕನಿದ್ದ, ಹೆಸರು ಬೇಡ. ಅವನ ತಂದೆ ಮಫ್ತಿಯಲ್ಲಿ ತಿರುಗುವ ಪೊಲೀಸು. ಮಫ್ತಿ ಹಾಕಿ ಬೀದಿಗಿಳಿದರೆ ಸೋಡಾ ಅಂಗಡಿಯವನು, ‘ಏನಣ್ಣಾ, ಇವತ್ತು ಮಫ್ತೀಲಾ?’ ಎಂದು ಕೂಗಿ ಕೇಳುವಷ್ಟು ಗುಪ್ತ. ಬಾಲಕ ಬಾಡಿಗೆ ಪುಸ್ತಕದಂಗಡಿಯಿಂದ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ತಂದು ಓದುತ್ತಿದ್ದ. ನರಸಿಂಹಯ್ಯನವರು ಬರೆದದ್ದು 500ಕ್ಕೂ ಮಿಗಿಲು. ಬಾಡಿಗೆ ಪ್ರತಿಗಳಿಗೆ ಕೊನೆಯ ಹಾಳೆ ಇರುತ್ತಿರಲಿಲ್ಲ. ಹೀಗಾಗಿ ಜಾಡು ಹಿಡಿಯುವುದು, ಮರೆಯಲ್ಲಿ ನಿಲ್ಲುವುದು, ಹುಬ್ಬು ಗಂಟಿಕ್ಕುವುದು ಎಲ್ಲ ಅವನಿಗೆ ಕರಗತವಾಗಿತ್ತು. ಕಳ್ಳನನ್ನು ಹಿಡಿಯುವ ಭಾಗವೊಂದು ಪಾಠದಲ್ಲಿ ಬಂದಿರಲಿಲ್ಲ.

ದೊಡ್ಡ ಜಾತ್ರೆಯ ದಿನ. ಐದು ತೇರು ಬೀದಿಯಲ್ಲಿವೆ. ಶ್ರೀಕಂಠೇಶ್ವರನ ಗುಡಿಯ ಮುಂದೆ ಬಿಟ್ಟಿದ್ದ ಅಪ್ಪನ ಚಪ್ಪಲಿ ಕಾಣೆಯಾಯಿತು. ಟಿಪ್ಪುವಿನ ಆನೆಗೆ ಕಣ್ಣು ಕೊಟ್ಟು ‘ಹಕೀಮ್ ನಂಜುಂಡ’ ಎನಿಸಿಕೊಂಡ ದೇವರು ಪೊಲೀಸಿನವನ ಚಪ್ಪಲಿಯ ಮೇಲೆ ಕಣ್ಣಿಡಲಿಲ್ಲ. ಅಪ್ಪ ಮಾತ್ರ ಬರಿಗಾಲಲ್ಲಿ ಬರಲಿಲ್ಲ. ಅಳತೆಗೆ ಸರಿಯಾಗಿ ಸಿಕ್ಕಿದ ಇನ್ನೊಂದು ಜೋಡಿ ಮೆಟ್ಟಿಕೊಂಡು ಮನೆಗೆ ಬಂದು, ಅನ್ನ ಸಾರು ಉಂಡು ಮಲಗಿದರು. ನನಗೆ ನಿದ್ದೆ ಬರಲಿಲ್ಲ. ನನಗೆ ಎಂದರೆ ಬಾಲಕನಿಗೆ, ಅಚ್ಚಿನ ದೋಷ.

ಚಹರೆ: ಕಂದು ಚರ್ಮ, ಸವೆದ ಹಿಮ್ಮಡಿ, ಬಲಗಾಲಿನ ಹೆಬ್ಬೆರಳ ಬಾರಿಗೆ ಕೆಂಪು ದಾರದ ಹೊಲಿಗೆ. ಮೊದಲ ಪ್ಯಾರಾದ ಸಾಲ ಇಲ್ಲಿಗೆ ತೀರಿತು.

ಮರುದಿನ ತನಿಖೆ ಬೆರಳಚ್ಚಿನಿಂದ ಶುರುವಾಯಿತು. ಜಗತ್ತಿನ ಮೊದಲ ಬೆರಳಚ್ಚು ಕಚೇರಿ 1897ರಲ್ಲಿ ಕಲ್ಕತ್ತೆಯಲ್ಲಿ ತೆರೆಯಿತು. ಅಲ್ಲಿಯ ಪುಡಿ ನಂಜನಗೂಡಿನವರೆಗೆ ಬಂದಿರಲಿಲ್ಲವಾದರೂ ನಂಜನಗೂಡು ಪುಡಿಗೆ ಬಡವಾದ ಊರಲ್ಲ. 1913ರಲ್ಲಿ ಬಿ.ವಿ. ಪಂಡಿತರು ಕಟ್ಟಿದ ಸದ್ವೈದ್ಯಶಾಲೆಯ ಹಲ್ಲುಪುಡಿ ಮನೆಮನೆಯ ಬಚ್ಚಲ ಗೂಡಿನಲ್ಲೂ ಇತ್ತು. ಬಾಲಕ ಒಂದು ಪೊಟ್ಟಣ ಪೂರ್ತಿ ತಂದು, ಚಪ್ಪಲಿ ಬಿಟ್ಟಿದ್ದ ಚಪ್ಪಡಿ ಕಲ್ಲಿನ ಮೇಲೆ ಉದುರಿಸಿ ಭೂತಕನ್ನಡಿ ಹಿಡಿದ. ಚಪ್ಪಲಿ ಕದಿಯುವವರು ಕಾಲಲ್ಲಿ ಕದಿಯುತ್ತಾರೆ, ಕೈ ಹಚ್ಚುವುದಿಲ್ಲ ಎಂಬುದು ಆಗ ಹೊಳೆಯಲಿಲ್ಲ. ಅಷ್ಟರಲ್ಲಿ ಹಿಂದಿನಿಂದ ಬಂದ ಅಜ್ಜಿಯೊಬ್ಬರು ಗುಲಾಬಿ ಪುಡಿಯನ್ನು ಬೆರಳಲ್ಲಿ ತೆಗೆದು ಹಣೆಗಿಟ್ಟುಕೊಂಡರು. ಅವರ ಹಿಂದಿನವರು ಅವರನ್ನು ಕಂಡು ಇಟ್ಟುಕೊಂಡರು. ಮಧ್ಯಾಹ್ನದ ಹೊತ್ತಿಗೆ ಆ ಕಲ್ಲಿಗೆ ಎರಡು ಎಸಳು ಹೂವು, ಒಂದು ಊದಿನಕಡ್ಡಿ, ನಾಲ್ಕಾಣೆ ಕಾಣಿಕೆ ಬಿದ್ದಿತ್ತು.

ವಿದೇಶಿ ವಿಧಾನ ಸೋತಾಗ ದೇಶೀಯ ಶಾಸ್ತ್ರಕ್ಕೆ ಮರಳಬೇಕು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ: ಕನ್ನಡದ ಅಪರಾಧಶಾಸ್ತ್ರ ಪೂರ್ತಿ ಈ ಒಂದು ಗಾದೆಯಲ್ಲಿ ಅಡಗಿದೆ. ಬಾಲಕ ರಥಬೀದಿಯಲ್ಲಿ ನಿಂತು ‘ಚಪ್ಪಲಿ ಕಳ್ಳ!’ ಎಂದು ಒಂದೇ ಒಂದು ಸಲ ಕೂಗಿದ. ಬೀದಿಗೆ ಬೀದಿಯೇ ಬಗ್ಗಿ ಪಾದ ನೋಡಿಕೊಂಡಿತು. ನೋಡಿಕೊಂಡವರಲ್ಲಿ ಅರ್ಧ ಜನಕ್ಕೆ ಅಲ್ಲಿ ಕಂಡ ಚಪ್ಪಲಿ ಹೊಸದಾಗಿತ್ತು. ಆ ಗಳಿಗೆಯಲ್ಲಿ ಆವಿರ್ಭವಿಸಿದ್ದೇ ‘ಪಾದರಕ್ಷಾ ನಿತ್ಯತಾ ನಿಯಮ’: ಜಾತ್ರೆಯಲ್ಲಿ ಚಪ್ಪಲಿ ಸೃಷ್ಟಿಯೂ ಆಗದು, ನಾಶವೂ ಆಗದು, ಕಾಲು ಬದಲಿಸುತ್ತದೆ ಅಷ್ಟೆ.

ಇನ್ನು ವೇಷ. ಅಪ್ಪನ ಹಳೆಯ ಶಾಲು ಹೊದ್ದು, ಕಾಡಿಗೆಯಲ್ಲಿ ಮೀಸೆ ಬರೆದುಕೊಂಡು ಕಪಿಲೆಯ ಸೋಪಾನದಲ್ಲಿ ಕೂತರೆ, ಮುಡಿ ಕೊಡಲು ಬಂದವರ ತಲೆ ಬೋಳಿಸುತ್ತಿದ್ದವರು ಕತ್ತಿ ಎತ್ತದೆಯೇ, ‘ನೀ ಪೊಲೀಸಪ್ಪನ ಮಗ ಅಲ್ವೇನ್ಲಾ? ಮೀಸೆ ಒರೆಸ್ಕೊ, ಬೆವರಿಗೆ ಇಳೀತಾ ಅದೆ’ ಅಂದರು. ರಸಬಾಳೆ ಮಾರುವವರು ಎರಡು ಹಣ್ಣು ಕೊಟ್ಟು ಅಪ್ಪನ ಬೆನ್ನುನೋವು ವಿಚಾರಿಸಿದರು. ಪತ್ತೇದಾರನ ಮಗ ಪತ್ತೇದಾರನಾಗಲು ಇರುವ ಏಕೈಕ ಅಡ್ಡಿ ಅಪ್ಪನೇ ಎಂಬುದು ಹೀಗೆ ಪ್ರಯೋಗದಿಂದ ರುಜುವಾತಾಯಿತು.

ಸುಳಿವು ಕೊನೆಗೆ ಸಿಕ್ಕಿದ್ದು ಹೂವಮ್ಮನಿಂದ, ಹುಡುಕಿದ್ದಕ್ಕಲ್ಲ, ಕೇಳಿದ್ದಕ್ಕೆ. ‘ಕೆಂಪು ದಾರದ್ದಾ? ನರಸೀಪುರದ ಬಸ್ ಹತ್ತಿದೋರು ಮೆಟ್ಕೊಂಡ್ ಹೋದ್ರು ಕಣಪ್ಪಾ. ನಾನ್ ಹೇಳ್ದೆ ಅಂತ ನಿಮ್ಮಪ್ಪಂಗೆ ಅನ್‌ಬ್ಯಾಡ.’

ಇದರಲ್ಲಿ ಆಶ್ಚರ್ಯವಿಲ್ಲ. ನಂಜನಗೂಡಿನ ಕಪಿಲೆ ಹರಿದು ಸೇರುವುದೂ ಅಲ್ಲಿಗೇ, ಕಾವೇರಿಯ ಜೊತೆಗೆ. ಕಣ್ಣಿಗೆ ಕಾಣದ ಸ್ಫಟಿಕ ಸರೋವರವೂ ಸೇರಿ ತ್ರಿವೇಣಿ. 1989ರಿಂದ ಮೂರು ವರ್ಷಕ್ಕೊಮ್ಮೆ ಕುಂಭಮೇಳ. ಮೂರರಲ್ಲಿ ಒಂದು ಕಾಣೆಯಾಗಿದ್ದರೂ ಯಾರೂ ದೂರು ಕೊಡದ ಊರು ಅದು. ಟಿ. ನರಸೀಪುರ ತಾಲ್ಲೂಕೇ ಹಾಗೆ, ಬಾಕಿ ಪ್ರಕರಣಗಳ ಉಗ್ರಾಣ. ಸೋಮನಾಥಪುರದಲ್ಲಿ 1258ರ ಗುಡಿಯಿದೆ. ಶಿಲ್ಪಿ ಮಲ್ಲಿತಮ್ಮ ತಾನು ಕೆತ್ತಿದ ಕಡೆಯಲ್ಲೆಲ್ಲ ಹೆಸರು ಹಾಕಿ ಹೋಗಿದ್ದಾನೆ, ಆದರೆ ಗರ್ಭಗುಡಿಯ ಮೂಲ ಕೇಶವನೇ ಇಲ್ಲ. ಮಾಡಿದವನು ಸಹಿ ಹಾಕಿದ, ಒಯ್ದವನು ಹಾಕಲಿಲ್ಲ. ತಲಕಾಡಿನದು ಇನ್ನೂ ಜಟಿಲ. ರಾಜ ಒಡೆಯರಿಗೆ 1610ರಲ್ಲಿ ಶ್ರೀರಂಗಪಟ್ಟಣ ದಕ್ಕಿತು, ಅಲಮೇಲಮ್ಮನ ಒಡವೆ ದಕ್ಕಲಿಲ್ಲ. ಆಕೆ ಶಾಪ ಹಾಕಿ ಮಾಲಂಗಿಯ ಮಡುವಿಗೆ ಹಾರಿದಳೆಂದು ಕತೆ. ಅಲ್ಲಿ ಶಾಪವೇ ಎಫ್‌ಐಆರ್. ತನಿಖೆಗೆಂದು ಯಾರಾದರೂ ಹೋದರೋ, ಮರಳಿನಲ್ಲಿ ಒಂದು ಹೆಜ್ಜೆಗುರುತೂ ಸಂಜೆಯವರೆಗೆ ನಿಲ್ಲುವುದಿಲ್ಲ. ಪಂಚಲಿಂಗ ದರ್ಶನ ಬಂದಾಗಲೆಲ್ಲ ದೇವರನ್ನೇ ಮರಳು ಸರಿಸಿ ಪತ್ತೆಹಚ್ಚಬೇಕು.

ಬಾಲಕ ಬಸ್ಸಿಳಿದು ನೇರ ಹೋದದ್ದು ಗುಂಜಾ ನರಸಿಂಹನ ಗುಡಿಗೆ. ಕಾಶಿಗಿಂತ ಈ ಕ್ಷೇತ್ರ ಒಂದು ಗುಲಗಂಜಿ ತೂಕ ಹೆಚ್ಚು ಎನ್ನುತ್ತಾರೆ, ಅದಕ್ಕೇ ದೇವರ ಕೈಯಲ್ಲಿ ಗುಲಗಂಜಿ. ಅಪ್ಪನೂ ಹೇಳುತ್ತಿದ್ದರು: ಅನುಮಾನ ಎಷ್ಟೇ ಇರಲಿ, ಸಾಕ್ಷಿ ಅದಕ್ಕಿಂತ ಒಂದು ಗುಲಗಂಜಿಯಾದರೂ ಹೆಚ್ಚು ತೂಗಬೇಕು. ಗುಡಿಯ ಬಾಗಿಲಲ್ಲಿ ಎಂಟು ಹತ್ತು ಜೋಡಿ ಚಪ್ಪಲಿ. ಮೂಲೆಯಲ್ಲಿ ಕಂದು ಚರ್ಮ, ಸವೆದ ಹಿಮ್ಮಡಿ, ಕೆಂಪು ದಾರ.

ಗುರುತು ಖಚಿತವಾಗಲೆಂದು ನನ್ನ ಚಪ್ಪಲಿ ಬಿಟ್ಟು ಅಪ್ಪನದನ್ನು ಮೆಟ್ಟಿದೆ. ನಾಲ್ಕು ಬೆರಳು ಉದ್ದವಾಯಿತು. ಅದನ್ನೇ ಎಳೆದುಕೊಂಡು ಎರಡು ಹೆಜ್ಜೆ ಇಟ್ಟಿದ್ದೆ, ಒಳಗಿನಿಂದ ಒಬ್ಬರು ತೀರ್ಥದ ಕೈಯಲ್ಲೇ ಓಡಿಬಂದರು.

‘ಏಯ್! ಯಾರ ಚಪ್ಪಲಿ ಅದು?’

‘ನಮ್ಮಪ್ಪಂದು.’

‘ಯಾರ ಮಗನೋ ನೀನು?’

ನಂಜನಗೂಡಿನಲ್ಲಿ ಯಾರೂ ಕೇಳಬೇಕಾಗಿಯೇ ಇರದಿದ್ದ ಪ್ರಶ್ನೆ. ಹೇಳಿದೆ. ಅಪ್ಪನ ಹೆಸರು, ಹುದ್ದೆ, ಬೆನ್ನುನೋವಿನ ಸಮೇತ ಹೇಳಿದೆ. ಸುತ್ತ ನೆರೆದವರು ಮುಖಮುಖ ನೋಡಿಕೊಂಡರು. ಅಂಥವರು ಒಬ್ಬರಿಗೂ ಗೊತ್ತಿರಲಿಲ್ಲ. ಮೂವತ್ತು ಕಿಲೋಮೀಟರು ಆಚೆಗೆ ಅಪ್ಪ ನಿಜವಾಗಿಯೂ ಮಫ್ತಿಯಲ್ಲಿದ್ದರು. ‘ಪೊಲೀಸ್ನೋರ ಹೆಸರು ಬೇರೆ ಹೇಳ್ತಾನೆ, ಹಿಡ್ಕೊಳ್ರೋ’ ಎಂದು ಯಾರೋ ಅಂದದ್ದೇ ತಡ, ಅಪ್ಪನದನ್ನು ಅಲ್ಲೇ ಕಳಚಿ ಬಸ್‌ಸ್ಟ್ಯಾಂಡಿನವರೆಗೆ ಓಡಿದೆ. ನನ್ನದು ಗುಡಿಯ ಮೂಲೆಯಲ್ಲೇ ಉಳಿಯಿತು. ನಿತ್ಯತಾ ನಿಯಮಕ್ಕೆ ಇದರಿಂದ ಯಾವ ಬಾಧೆಯೂ ಇಲ್ಲ.

ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ಅಪ್ಪ ಜಗಲಿಯಲ್ಲಿ ಕೂತು ನನ್ನ ಬರಿಗಾಲು, ಕಾಲಿನ ಧೂಳು, ಜೇಬಿನಿಂದ ಇಣುಕುತ್ತಿದ್ದ ಬಸ್ಸಿನ ಚೀಟಿ, ಮೂಗಿನ ಕೆಳಗೆ ಉಳಿದಿದ್ದ ಕಾಡಿಗೆ, ಒಂದೊಂದಾಗಿ ನೋಡಿದರು. ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

‘ನರಸೀಪುರದವರೆಗೂ ಹೋಗಿದ್ಯಾ,’ ಅಂದರು. ‘ಬಿ ರಿಪೋರ್ಟ್ ಹಾಕ್ಬಿಡು ಮಗಾ. ಕಾಲು ತೊಳ್ಕೊಂಡು ಒಳಗೆ ನಡಿ.’