ಊಟಕ್ಕೆ ಅರ್ಧ ತಾಸು ಮೊದಲು

ಮಲಪ್ರಭಾ ನದಿಯ ಆಸುಪಾಸಿನ ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ತಾಲೂಕುಗಳಲ್ಲಿ ಹೊಟ್ಟೆಯನ್ನು ಕುರಿತ ಜ್ಞಾನವು ಬಹು ಹಳೆಯದು, ಸರ್ವರಿಗೂ ತಿಳಿದಿರುವಂಥದ್ದು ಮತ್ತು ಕೇಳದವರಿಗೂ ಧಾರಾಳವಾಗಿ ಹಂಚಲಾಗುವಂಥದ್ದು. ಬೆಳಿಗ್ಗೆ ಎದ್ದೊಡನೆ ಬಾಯಿ ಕಹಿಯಾಗಿ ತಲೆ ಸುತ್ತಿದರೆ ಅದು ಪಿತ್ತ. ಉಂಡ ಮೇಲೆ ಹೊಟ್ಟೆ ಬಿಗಿದು ನಿಂತರೆ ವಾಯು. ಹೊಕ್ಕುಳಿನ ಸುತ್ತ ಹಿಂಡಿದರೆ ಬಟ್ಟಿ, ಅಂದರೆ ಭಾರ ಎತ್ತಿದ್ದರಿಂದಲೋ ಕಾಲು ಜಾರಿದ್ದರಿಂದಲೋ ಹೊಕ್ಕುಳಿನ ಮಿಡಿತವು ಜಾಗ ಬಿಟ್ಟು ಸರಿದಿದೆಯೆಂದೂ, ಬಲ್ಲವರು ಎಣ್ಣೆ ಹಚ್ಚಿ ತಿಕ್ಕಿದರೆ ಮರಳಿ ಬರುತ್ತದೆಂದೂ ಜನರು ನಂಬಿರುವ ಸ್ಥಿತಿ. ಈ ಮೂರರಲ್ಲೂ ಸೇರದೆ ಉಳಿದುದೆಲ್ಲ ಗ್ಯಾಸ್. ಎದೆಯಲ್ಲಿ ಚುಚ್ಚಿದರೂ, ಬೆನ್ನು ಹಿಡಿದರೂ, ರಾತ್ರಿ ನಿದ್ದೆ ಬಾರದಿದ್ದರೂ, ಮಗನು ಪರೀಕ್ಷೆಯಲ್ಲಿ ನಪಾಸಾಗಿದ್ದರಿಂದ ತಂದೆಗೆ ಸಂಕಟವಾದರೂ ಅದನ್ನು ಗ್ಯಾಸ್ ಎಂದೇ ತೀರ್ಮಾನಿಸುವಷ್ಟು ಈ ಪ್ರವರ್ಗವು ವಿಶಾಲವಾಗಿದೆ.

ಪ್ರಸ್ತುತ ಅಧ್ಯಯನಕ್ಕೆ ಆಕರವಾಗಿ, ಅಂದರೆ ಮೂಲಸಾಮಗ್ರಿಯಾಗಿ, ಬಳಸಿಕೊಂಡಿರುವುದು ಬೈಲಹೊಂಗಲದ ಒಂದೇ ಒಂದು ಹೊಟ್ಟೆಯನ್ನು. ಒಂದೇ ಆಕರವನ್ನು ನೆಚ್ಚಿ ಸಿದ್ಧಾಂತ ಕಟ್ಟುವುದು ಸಂಶೋಧನೆಯ ಶಿಸ್ತಿಗೆ ಸಲ್ಲದೆಂಬ ಆಕ್ಷೇಪವು ನ್ಯಾಯವಾದದ್ದೇ ಆದರೂ, ಈ ಹೊಟ್ಟೆಯು ಪ್ರಬಂಧಕಾರರಿಗೆ ಹಗಲಿರುಳೂ ಲಭ್ಯವಿದ್ದು, ಅವರು ಎಲ್ಲಿಗೆ ಹೋದರೂ ಜೊತೆಗೇ ಬರುತ್ತದೆಂಬ ಅನುಕೂಲವನ್ನು ಅಲಕ್ಷಿಸುವಂತಿಲ್ಲ. ಅರ್ಧ ರೊಟ್ಟಿಗೇ ತುಂಬಿದಂತಾಗುವುದು, ಎದೆಗೂಡಿನ ಕೆಳಗೆ ಉರಿಯುವುದು, ಹುಳಿ ತೇಗು ಬರುವುದು ಮತ್ತು ಸಂತಾಪ ಸಭೆಗಳಲ್ಲಿ ಮೌನಾಚರಣೆಯ ಹೊತ್ತಿಗೆ ಸರಿಯಾಗಿ ಮಾತಿಗೆ ತೊಡಗುವುದು ಇದರ ಪ್ರಧಾನ ಲಕ್ಷಣಗಳು. ರಕ್ತವನ್ನೂ ಮೂತ್ರವನ್ನೂ ಪರೀಕ್ಷಿಸಲಾಗಿದೆ, ಸ್ಕ್ಯಾನಿಂಗ್ ಆಗಿದೆ, ತುದಿಯಲ್ಲಿ ಕ್ಯಾಮೆರಾ ಇರುವ ನಳಿಕೆಯನ್ನು ಬಾಯಿಯಿಂದ ಇಳಿಸಿ ಜಠರದ ಒಳಗೋಡೆಯನ್ನು ನೋಡುವ ಎಂಡೋಸ್ಕೋಪಿಯೂ ಆಗಿದೆ. ಎಲ್ಲ ವರದಿಗಳ ಸಾರ ಒಂದೇ: ನಾರ್ಮಲ್. ಈ ಸುದ್ದಿಯಿಂದ ಮನೆಮಂದಿಯೆಲ್ಲ ಸಂತೋಷಪಟ್ಟಾಗ, ಹೊಟ್ಟೆಯ ಒಡೆಯರ ಮುಖ ಮಾತ್ರ ಬಾಡಿದ್ದನ್ನು ಕಂಡವರು ಅದನ್ನು ಅಪಾರ್ಥ ಮಾಡಿಕೊಂಡರು. ಅವರಿಗೆ ರೋಗ ಬೇಕಾಗಿರಲಿಲ್ಲ. ಇದ್ದ ರೋಗಕ್ಕೆ ಒಂದು ಹೆಸರು ಬೇಕಾಗಿತ್ತು.

ಹೆಸರೇ ಇಲ್ಲವೆಂದಲ್ಲ. ರೋಮ್ ನಗರದ ಹೆಸರಿನಲ್ಲಿ ವಿಶ್ವದ ತಜ್ಞರು ರೂಪಿಸಿರುವ ಮಾನದಂಡಗಳ 2016ರ ಆವೃತ್ತಿಯ ಪ್ರಕಾರ, ಕನಿಷ್ಠ ಆರು ತಿಂಗಳ ಹಿಂದೆ ಆರಂಭವಾಗಿ ಕಳೆದ ಮೂರು ತಿಂಗಳಿಂದ ಬಿಡದೆ ಕಾಡುತ್ತಿರುವ, ಆದರೆ ಪರೀಕ್ಷೆಗಳಲ್ಲಿ ಯಾವ ಕಾರಣವೂ ಕಾಣದ ಇಂಥ ತೊಂದರೆಯನ್ನು ಕ್ರಿಯಾತ್ಮಕ ಅಜೀರ್ಣ ಎನ್ನಬಹುದು. ಅಂಗದ ರಚನೆಯಲ್ಲಿ ದೋಷ ಕಾಣದೆ ಅದರ ಕೆಲಸದಲ್ಲಿ ಮಾತ್ರ ಏರುಪೇರಾಗಿದೆ ಎಂಬುದು ಅದರ ತಾತ್ಪರ್ಯ. ಆದರೆ ರೋಮಿನವರು ಒಪ್ಪಿದ್ದನ್ನು ಓಣಿಯವರು ಒಪ್ಪಬೇಕಲ್ಲ! "ಏನೂ ಆಗಿಲ್ಲಂತ, ಬರೇ ಮನಸಿಂದು" ಎಂಬ ತೀರ್ಪು ಎಂಡೋಸ್ಕೋಪಿಯ ವರದಿಗಿಂತ ಮೊದಲೇ ಮನೆ ತಲುಪಿರುತ್ತದೆ. ಇದರ ಜೊತೆಗೆ "ನಮ್ಮ ಮಾವಗೂ ಹಿಂಗ ಆಗಿತ್ತರಿ" ಎಂದು ಆರಂಭಿಸಿ, ಆ ಮಾವ ಈಗ ಹೇಗಿದ್ದಾರೆಂದು ಕೇಳಿದಾಗ ಫೋಟೋದ ಕಡೆಗೆ ಕೈ ತೋರಿಸುವ ಹಿತೈಷಿಗಳ ವರ್ಗವೊಂದಿದ್ದು, ಇವರ ಬಗ್ಗೆ ಪ್ರತ್ಯೇಕ ಕಾನೂನು ಬರಬೇಕೆಂಬುದು ಪ್ರಬಂಧಕಾರರ ದೃಢವಾದ ಅಭಿಪ್ರಾಯ. ಜಠರದ ಹುಣ್ಣಿಗೆ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಸೂಕ್ಷ್ಮಾಣು ಕಾರಣವೆಂದು ಸಾಧಿಸಲು ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ 1984ರಲ್ಲಿ ಅದರ ದ್ರಾವಣವನ್ನು ತಾನೇ ಕುಡಿದನು. 2005ರಲ್ಲಿ ರಾಬಿನ್ ವಾರೆನ್ ಜೊತೆಗೆ ನೊಬೆಲ್ ಪಡೆದನು. ಹೊಟ್ಟೆ ಕೆಟ್ಟರೂ ಕಾರಣ ತಿಳಿದುಕೊಂಡ ಆ ಪುಣ್ಯವಂತನ ಮೇಲೆ ಬೈಲಹೊಂಗಲದ ಹೊಟ್ಟೆಯ ಒಡೆಯರಿಗೆ ಅಸೂಯೆಯಿದೆ, ಏಕೆಂದರೆ ಇವರಲ್ಲಿ ಆ ಸೂಕ್ಷ್ಮಾಣುವೂ ಸಿಕ್ಕಿಲ್ಲ.

ಹೊಟ್ಟೆಯ ರೋಗಿಯು ಯಾವ ದಿಕ್ಕಿಗೆ ಹೊರಡುತ್ತಾನೆಂಬುದನ್ನು ಭೂಗೋಳವೇ ನಿರ್ಧರಿಸುತ್ತದೆ. ಬೈಲಹೊಂಗಲದವರು ಬೆಳಗಾವಿಗೆ, ಸವದತ್ತಿಯವರು ಧಾರವಾಡಕ್ಕೆ, ರಾಮದುರ್ಗದವರು ಬಾಗಲಕೋಟೆಗೋ ಬೆಳಗಾವಿಗೋ ಬಸ್ಸು ಹತ್ತುತ್ತಾರೆ. ಹೆದ್ದಾರಿಯ ಮೇಲೆ ಬೆಳಗಾವಿ ಮತ್ತು ಧಾರವಾಡಗಳ ನಡುವೆ ಇರುವ ಕಿತ್ತೂರಿನವರ ಸ್ಥಿತಿ ಮಾತ್ರ ಕಠಿಣ. ಒಂದು ಕಡೆಯ ಗುಳಿಗೆ ನಾಟದಿದ್ದರೆ ಇನ್ನೊಂದು ಕಡೆ ಹೋಗಬಹುದೆಂಬ ಆಸೆಯಿಂದ ಅವರ ಫೈಲು ಎರಡು ಪಟ್ಟು ದಪ್ಪವಾಗಿರುತ್ತದೆ.

ಎಲ್ಲಿಗೇ ಹೋಗಲಿ, ಚೀಟಿಯ ಮೊದಲ ಸಾಲಿನಲ್ಲಿ ಪ್ಯಾಂಟೊಪ್ರಜೋಲ್ ವರ್ಗದ ಗುಳಿಗೆ ಇದ್ದೇ ಇರುತ್ತದೆ. ಜಠರದ ಗೋಡೆಯಲ್ಲಿ ಆಮ್ಲವನ್ನು ಹೊರಸೂಸುವ ಕೋಶಗಳಿದ್ದು, ಆ ಕೋಶಗಳಲ್ಲಿ ಪ್ರೋಟಾನ್ ಪಂಪ್ ಎಂಬ ಸೂಕ್ಷ್ಮ ಯಂತ್ರವಿರುತ್ತದೆ. ಊಟದ ಹೊತ್ತಿಗೆ ಹೆಚ್ಚಾಗಿ ಚಾಲೂ ಆಗುವ ಈ ಪಂಪನ್ನು ಬಂದ್ ಮಾಡುವುದು ಗುಳಿಗೆಯ ಕೆಲಸ. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಹೊಟ್ಟೆಗಾಗಿ ನುಂಗುವ ಈ ಗುಳಿಗೆಯು ಹೊಟ್ಟೆಯಲ್ಲಿ ಕರಗುವುದೇ ಇಲ್ಲ. ಆಮ್ಲಕ್ಕೆ ಸಿಕ್ಕರೆ ಔಷಧವೇ ಕೆಡುವುದರಿಂದ ಅದಕ್ಕೆ ರಕ್ಷಾಕವಚ ತೊಡಿಸಿರುತ್ತಾರೆ. ಅದು ಜಠರವನ್ನು ಮಾತಾಡಿಸದೆ ದಾಟಿ, ಸಣ್ಣ ಕರುಳಿನಲ್ಲಿ ಕರಗಿ, ರಕ್ತಕ್ಕೆ ಸೇರಿ, ಮೈಯೆಲ್ಲ ಸುತ್ತಿ, ಹಿತ್ತಲ ಬಾಗಿಲಿನಿಂದ ಮತ್ತೆ ಜಠರಕ್ಕೆ ಬರುತ್ತದೆ. ಆದ್ದರಿಂದಲೇ ಊಟಕ್ಕೆ ಅರ್ಧ ತಾಸು ಮೊದಲು, ಖಾಲಿ ಹೊಟ್ಟೆಯಲ್ಲಿ ಎಂಬ ನಿಯಮ. ಜಠರಕ್ಕೆ ಲೇಪದಂತೆ ಅಂಟಿಕೊಳ್ಳುವ ಸುಕ್ರಾಲ್ಫೇಟ್ ಎಂಬ ಸಿರಪ್ಪನ್ನು ಊಟಕ್ಕೆ ಒಂದು ತಾಸು ಮೊದಲು, ಆಮ್ಲ ತಗ್ಗಿಸುವ ಗುಲಾಬಿ ಬಣ್ಣದ ಔಷಧವನ್ನು ಊಟದ ನಂತರ, ಆದರೆ ಇವೆರಡರ ನಡುವೆ ಅಂತರವಿಟ್ಟು, ಕಿಣ್ವದ ಗುಳಿಗೆಯನ್ನು ಊಟದ ಜೊತೆಗೆ, ಇಸಬಗೋಲನ್ನು ಮಲಗುವಾಗ ನೀರಿನಲ್ಲಿ ಕದಡಿ ಸೇವಿಸಬೇಕು. ಈ ವೇಳಾಪಟ್ಟಿಯನ್ನು ಗೋಡೆಗೆ ಅಂಟಿಸಿ ನೋಡಿದಾಗ, ಔಷಧಗಳಿಗೆಲ್ಲ ಜಾಗ ಸಿಕ್ಕಿದ್ದು, ಊಟಕ್ಕೆ ಮಾತ್ರ ಜಾಗ ಉಳಿದಿರಲಿಲ್ಲವೆಂಬುದು ಮನೆಯವರ ಗಮನಕ್ಕೆ ಬಂದಿತು.

ಅರ್ಧ ತಾಸಿನ ನಿಯಮವು ತನ್ನ ಪರಾಕಾಷ್ಠೆಯನ್ನು ತಲುಪಿದ್ದು ಒಂದು ಬನದ ಹುಣ್ಣಿಮೆಯಂದು, ಸವದತ್ತಿಯ ಯಲ್ಲಮ್ಮನ ಗುಡ್ಡದ ಮೇಲೆ. ಆ ದಿನ ಊರೂರುಗಳಿಂದ ಚಕ್ಕಡಿಗಳಲ್ಲಿ, ಟ್ರ್ಯಾಕ್ಟರುಗಳಲ್ಲಿ ಬಂದ ಕುಟುಂಬಗಳು ಗುಡ್ಡದ ಮೇಲೆಯೇ ಒಲೆ ಹೂಡಿ ಅಡುಗೆ ಮಾಡಿ, ದೇವಿಯ ಹೆಸರಿನಲ್ಲಿ ಬುಟ್ಟಿಗೆ ಎಡೆ ಇಡುವ, ಪಡ್ಡಲಗಿ ತುಂಬುವುದೆಂಬ ಆಚರಣೆಯನ್ನು ನಡೆಸಿ, ಉಧೋ ಉಧೋ ಎಂದು ಕೂಗಿ, ಅನಂತರ ಉಣ್ಣುತ್ತವೆ. ಒಲೆ ಇನ್ನೂ ಹೊಗೆಯಾಡುತ್ತಿದ್ದುದನ್ನು ಕಂಡು, ಊಟಕ್ಕೆ ಅರ್ಧ ತಾಸಿಗೆ ಕಡಿಮೆಯಿಲ್ಲವೆಂದು ಲೆಕ್ಕ ಹಾಕಿದ ಹೊಟ್ಟೆಯ ಒಡೆಯರು ಗುಳಿಗೆಯನ್ನು ಬಾಯಿಗೆ ಹಾಕಿ ನೀರು ಕುಡಿದರು. ಲೋಟ ಕೆಳಗಿಡುವಷ್ಟರಲ್ಲಿ ಪಕ್ಕದ ಒಲೆಯಲ್ಲಿ ಬೆಂದಿದ್ದ ಕಡಬು, ಬದನೆಕಾಯಿ ಪಲ್ಯ ಸಮೇತ ಎಡೆಯಾಗಿ, ಉಧೋ ಕೂಗಾಗಿ, ತಟ್ಟೆಯಾಗಿ ಅವರ ಮುಂದೆ ಬಂದು ನಿಂತಿತು. ತಟ್ಟೆ ಹಿಡಿದವರು ಸೋದರತ್ತೆ.

"ಇನ್ನಾ ಅರ್ಧ ತಾಸು ಏನೂ ತಿನ್ನಂಗಿಲ್ಲ ಅತ್ತಿ, ಗುಳಿಗಿ ತೊಗೊಂಡೀನಿ."

"ನಿನಗ ಉಣ್ಣಂತ ಯಾರಂದ್ರೋ? ಪ್ರಸಾದ ತೊಗೊ ಅಂದ್ನಿ. ಪ್ರಸಾದ ಊಟದಾಗ ಬರತೈತೇನು?"

ಇಲ್ಲಿ ಉದ್ಭವಿಸಿದ ಮೀಮಾಂಸೆಯು ಸಾಮಾನ್ಯವಾದದ್ದಲ್ಲ. ಪ್ರಸಾದವೆಂದರೆ ದೈವಾನುಗ್ರಹದ ದ್ರವ್ಯರೂಪವಾದ್ದರಿಂದ ಅದು ಹೊಟ್ಟೆಗೆ ಹೋದರೂ ಹೊಟ್ಟೆ ಖಾಲಿಯೆಂದೇ ಗಣನೆಗೆ ಬರುತ್ತದೆಂಬುದು ಅತ್ತೆಯ ಪಕ್ಷ. ಪ್ರಸಾದವಾದರೂ ಕಡಬು ಕಡಬೇ, ಅದರೊಳಗಿನ ಹೂರಣಕ್ಕೆ ಗುಳಿಗೆಯ ಗುರುತು ಹತ್ತುವುದಿಲ್ಲವೆಂಬುದು ಹೊಟ್ಟೆಯ ಒಡೆಯರ ಪ್ರತಿಪಕ್ಷ. ಒಂದು ಚೂರು ಕಡಬು ಪ್ರಸಾದ, ಎರಡನೆಯದರಿಂದ ಊಟ ಆರಂಭವೆಂದು ಕಾಕಾ ಒಬ್ಬರು ರಾಜಿಸೂತ್ರ ಮಂಡಿಸಿದರೂ, ಮೊದಲನೆಯದನ್ನು ತಿಂದವನು ಎರಡನೆಯದನ್ನು ಬಿಟ್ಟ ಉದಾಹರಣೆಯೇ ಈ ವಂಶದಲ್ಲಿಲ್ಲವೆಂದು ಅವರ ಹೆಂಡತಿ ಅದನ್ನು ತಳ್ಳಿಹಾಕಿದರು. ಅಷ್ಟರಲ್ಲಿ ಬೇರೊಬ್ಬರು, ಬೆಳಿಗ್ಗೆ ಎದ್ದೊಡನೆ ಕುಡಿದ ಚಹಾವು ಲೆಕ್ಕಕ್ಕೆ ಬರುತ್ತದೆಯೋ ಇಲ್ಲವೋ ಎಂಬ ಮೂಲಭೂತ ಪ್ರಶ್ನೆಯನ್ನೆತ್ತಿ, ಹೊಟ್ಟೆ ಖಾಲಿಯಿತ್ತೆಂಬ ಪೂರ್ವಪಕ್ಷವನ್ನೇ ಅಲ್ಲಾಡಿಸಿದರು. ಚಹಾ ಕುಡಿಯುವಂಥದ್ದೇ ಹೊರತು ತಿನ್ನುವಂಥದ್ದಲ್ಲವೆಂದು ಒಂದು ಗುಂಪು, ಅದರಲ್ಲಿ ಖಾರಿ ಅದ್ದಿದ್ದನ್ನು ತಾವು ಕಣ್ಣಾರೆ ಕಂಡಿದ್ದೇವೆಂದು ಇನ್ನೊಂದು ಗುಂಪು ವಾದಿಸತೊಡಗಿದವು. ದಾರಿಯಲ್ಲಿ ಹೋಗುತ್ತಿದ್ದ ಅಪರಿಚಿತ ಟ್ರ್ಯಾಕ್ಟರ್ ಚಾಲಕನೊಬ್ಬ ನಿಂತು ಎಲ್ಲವನ್ನೂ ಆಲಿಸಿ, ತಾನೂ ಅದೇ ಗುಳಿಗೆಯನ್ನು ನುಂಗುವವನೆಂದೂ, ಆದರೆ ಮಿರ್ಚಿ ಭಜಿ ತಿಂದಾದ ಮೇಲೆ ನುಂಗುವುದೆಂದೂ, ಅದರಿಂದ ಯಾವ ಪ್ರಯೋಜನವೂ ಆಗಿಲ್ಲವೆಂದೂ ತಿಳಿಸಿ, ಒಂದು ಕಡಬು ಪಡೆದು ಮುಂದುವರಿದನು. ಕೊನೆಗೆ ಅಂತಿಮ ಪ್ರಮಾಣಕ್ಕಾಗಿ ದವಾಖಾನೆಗೇ ಫೋನು ಮಾಡಲಾಗಿ, ಎತ್ತಿಕೊಂಡ ಕಂಪೌಂಡರನು ಕೊಟ್ಟ ಉತ್ತರ ಹೀಗಿತ್ತು: "ಸಾಹೇಬ್ರು ಊಟಕ್ಕ ಹೋಗ್ಯಾರ. ಅರ್ಧ ತಾಸು ಬಿಟ್ಟು ಮಾಡ್ರಿ."

ಆ ಅರ್ಧ ತಾಸು ಹೇಗೋ ಕಳೆಯಿತು. ತರುವಾಯ ಎಷ್ಟು ಕಡಬುಗಳು ಸಂದವೆಂಬುದು ಪ್ರಸ್ತುತ ಅಧ್ಯಯನದ ವ್ಯಾಪ್ತಿಗೆ ಬರುವುದಿಲ್ಲ.

ಇತಿಹಾಸದಲ್ಲಿ ಇದಕ್ಕಿಂತ ಹೆಚ್ಚು ಸಹಿಸಿದ ಹೊಟ್ಟೆಗಳಿವೆ. 1822ರಲ್ಲಿ ಅಮೆರಿಕದ ಮ್ಯಾಕಿನಾಕ್ ದ್ವೀಪದಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಯುವಕನಿಗೆ ಆಕಸ್ಮಿಕವಾಗಿ ಬಂದೂಕಿನ ಏಟು ತಗಲಿ, ಗಾಯ ಮಾಯ್ದರೂ ಜಠರಕ್ಕೆ ಹೊರಗಿನಿಂದ ಒಂದು ರಂಧ್ರ ಉಳಿಯಿತು. ಸೇನಾ ವೈದ್ಯನಾದ ವಿಲಿಯಂ ಬ್ಯೂಮಾಂಟ್ ಆಹಾರದ ತುಣುಕುಗಳನ್ನು ರೇಷ್ಮೆ ದಾರಕ್ಕೆ ಕಟ್ಟಿ ಆ ರಂಧ್ರದಿಂದ ಒಳಗಿಳಿಸಿ, ತಾಸುಗಟ್ಟಲೆ ಕಾದು, ಮತ್ತೆ ಎಳೆದು ನೋಡಿ, 1833ರಲ್ಲಿ ಗ್ರಂಥ ಪ್ರಕಟಿಸಿದನು. 1825ರಲ್ಲಿ ಈ ಪ್ರಯೋಗಗಳು ಆರಂಭವಾದಾಗ ಕಿತ್ತೂರಿನ ರಾಣಿ ಚನ್ನಮ್ಮ ಬೈಲಹೊಂಗಲದ ಕೋಟೆಯಲ್ಲಿ ಬ್ರಿಟಿಷರ ಸೆರೆಯಲ್ಲಿದ್ದಳು. ಆ ವೈದ್ಯನು ಮಾಂಸ, ಬ್ರೆಡ್ಡು, ಎಲೆಕೋಸುಗಳನ್ನು ಇಳಿಸಿ ನೋಡಿದನೇ ಹೊರತು ಖಡಕ್ ರೊಟ್ಟಿಯನ್ನೂ ಕೆಂಪು ಖಾರವನ್ನೂ ಇಳಿಸಿ ನೋಡಲಿಲ್ಲವಾದ್ದರಿಂದ, ಈ ನಾಲ್ಕು ತಾಲೂಕುಗಳ ಮಟ್ಟಿಗೆ ಅವನ ಗ್ರಂಥವು ಅಪೂರ್ಣವೆಂದೇ ಹೇಳಬೇಕು.

ಆದರೆ ಇವೇ ತಾಲೂಕುಗಳಲ್ಲಿ ಹಾಸ್ಯಕ್ಕೆ ಒಗ್ಗದ ಹೊಟ್ಟೆಗಳೂ ಇವೆ. ದಿನವಿಡೀ ಕಬ್ಬು ಕಡಿದು, ಹತ್ತಿ ಬಿಡಿಸಿ ಬಂದ ಹೆಂಗಸರು ಮೈಕೈ ನೋವಿಗೆ ಮೆಡಿಕಲ್ ಅಂಗಡಿಯಿಂದ ಚೀಟಿಯಿಲ್ಲದೆ ಡೈಕ್ಲೋಫೆನಾಕ್‌ನಂಥ ನೋವಿನ ಗುಳಿಗೆಯನ್ನು ಬಿಡಿಬಿಡಿಯಾಗಿ ಒಯ್ಯುತ್ತಾರೆ. ಈ ವರ್ಗದ ಗುಳಿಗೆಗಳು ನೋವಿನ ಜೊತೆಗೆ ಜಠರದ ಒಳಪೊರೆಯನ್ನು ಕಾಯುವ ಪ್ರೋಸ್ಟಾಗ್ಲಾಂಡಿನ್ ಎಂಬ ವಸ್ತುವಿನ ಉತ್ಪತ್ತಿಯನ್ನೂ ತಡೆಯುವುದರಿಂದ ಹುಣ್ಣಾಗಿ ರಕ್ತ ಸೋರಬಹುದು. ಹೊಟ್ಟೆ ಉರಿದಾಗ ಅದೇ ಅಂಗಡಿಯಿಂದ ಗ್ಯಾಸಿನ ಗುಳಿಗೆ ಬರುತ್ತದೆ. ನೋವಿನ ಗುಳಿಗೆ ನಿಲ್ಲುವುದಿಲ್ಲ, ಏಕೆಂದರೆ ಕೆಲಸ ನಿಲ್ಲುವುದಿಲ್ಲ. ಅವರನ್ನು ಕೂರಿಸಿಕೊಂಡು ಬೇರೇನು ನುಂಗುತ್ತೀರೆಂದು ಕೇಳಲು ಅರ್ಧ ತಾಸು ಯಾರ ಬಳಿಯೂ ಇಲ್ಲ. ದೊಡ್ಡ ಊರಿನ ಎಂಡೋಸ್ಕೋಪಿಯು ಸುಗ್ಗಿ ಮುಗಿಯಲಿ ಎಂಬ ಮಾತಿನಲ್ಲಿ ಮುಂದಕ್ಕೆ ಹೋಗುತ್ತದೆ.

ಬೈಲಹೊಂಗಲದ ಹೊಟ್ಟೆಯ ವಿಷಯಕ್ಕೆ ಮರಳುವುದಾದರೆ, ಅದರ ಒಡೆಯರು ಬೇಸತ್ತು ಒಂದು ದಿನ ಗುಳಿಗೆಯನ್ನು ತಟ್ಟನೆ ಬಿಟ್ಟರು, ಉರಿ ಇಮ್ಮಡಿಯಾಯಿತು, ಗುಳಿಗೆಯಿಲ್ಲದೆ ಬದುಕಿಲ್ಲವೆಂದು ಮನೆಯವರು ಸಾರಿದರು. ಆದರೆ 2009ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಅಧ್ಯಯನವೊಂದು ಬೇರೆಯೇ ಮಾತು ಹೇಳುತ್ತದೆ. ಹೊಟ್ಟೆಯ ತಕರಾರೇ ಇಲ್ಲದ 120 ಜನರನ್ನು ಆರಿಸಿ, ಅರ್ಧದಷ್ಟು ಜನರಿಗೆ ಇದೇ ವರ್ಗದ ಗುಳಿಗೆಯನ್ನು ಎಂಟು ವಾರ ಕೊಟ್ಟು ನಿಲ್ಲಿಸಿದಾಗ, ಅವರಲ್ಲಿ ಶೇಕಡಾ 44 ಮಂದಿಗೆ ಉರಿ, ಹುಳಿ ತೇಗುಗಳು ಶುರುವಾದವು. ಬರೀ ಹುಸಿ ಗುಳಿಗೆ ನುಂಗಿದವರಲ್ಲಿ ಈ ಪ್ರಮಾಣ ಶೇಕಡಾ 15 ಮಾತ್ರ. ಅದುಮಿಟ್ಟ ಆಮ್ಲವು ಗುಳಿಗೆ ಬಿಟ್ಟೊಡನೆ ಮೊದಲಿಗಿಂತ ಹೆಚ್ಚಾಗಿ ಚಿಮ್ಮುವ ಈ ಸ್ಥಿತಿಯು ಕೆಲವು ವಾರಗಳಲ್ಲಿ ತಾನಾಗಿ ಇಳಿಯುವಂಥದ್ದು. ಇದನ್ನು ಅರಿಯದವರು ಹಳೆಯ ರೋಗವೇ ಮರಳಿತೆಂದು ತಿಳಿದು ವರ್ಷಗಟ್ಟಲೆ ನುಂಗುತ್ತಾರೆ. ಕೊಡುವವರು ಆರಂಭದ ದಿನವನ್ನು ಬರೆಯುತ್ತಾರೆ, ಮುಗಿಯುವ ದಿನವನ್ನು ಬರೆಯುವುದಿಲ್ಲ. ಈ ಇಡೀ ವ್ಯವಹಾರದಲ್ಲಿ ಪ್ರಬಂಧಕಾರರಿಗೆ ಕ್ಷಮಿಸಲಾಗದಂತೆ ಕಂಡ ದೋಷ ಇದೊಂದೇ.

ಆದ್ದರಿಂದ ಓದುಗರು ಚೀಟಿ ಕೈಗೆ ಬಂದೊಡನೆ, ಈ ಗುಳಿಗೆ ಎಷ್ಟು ದಿನ, ನಿಲ್ಲಿಸುವುದು ಹೇಗೆ ಎಂದು ಕೇಳಿ ಅಲ್ಲೇ ಬರೆಸಿಕೊಳ್ಳಬೇಕು; ಬೇರೆ ನೋವಿಗೆ ನುಂಗುತ್ತಿರುವುದನ್ನು ಮುಚ್ಚಿಡಬಾರದು. ಮೈತೂಕ ಕಾರಣವಿಲ್ಲದೆ ಇಳಿದರೆ, ತುತ್ತು ಗಂಟಲಲ್ಲಿ ಸಿಕ್ಕಿಕೊಂಡರೆ, ಮಲವು ಡಾಂಬರಿನಂತೆ ಕಪ್ಪಾದರೆ, ವಾಂತಿಯಲ್ಲಿ ರಕ್ತ ಕಂಡರೆ ಗ್ಯಾಸ್ ಎಂದು ಕೂರದೆ ಅಂದೇ ವೈದ್ಯರನ್ನು ಕಾಣಬೇಕು. ಅವರು ಎಂಡೋಸ್ಕೋಪಿ ಬರೆದುಕೊಟ್ಟರೆ, ಆ ಪರೀಕ್ಷೆಗೆ ಹೋಗುವ ದಿನ ಬೆಳಿಗ್ಗೆ ಹಾಲು ಹಾಕಿದ ಚಹಾವೂ ಊಟವೆಂದೇ ಲೆಕ್ಕ.