ಗೋಣಿನ ವ್ಯಾಕರಣ

ಭರತಮುನಿಯು ನಾಟ್ಯಶಾಸ್ತ್ರದಲ್ಲಿ 8 ಸ್ಥಾಯಿಭಾವಗಳನ್ನೂ 33 ವ್ಯಭಿಚಾರಿಭಾವಗಳನ್ನೂ 8 ಸಾತ್ತ್ವಿಕಭಾವಗಳನ್ನೂ ಕೂಡಿಸಿ ಒಟ್ಟು 49 ಭಾವಗಳೆಂದು ಲೆಕ್ಕ ಬರೆದಿಟ್ಟನಷ್ಟೆ. ಆ ಮಹರ್ಷಿಯು ಸಾಗರ, ಹೊಸನಗರ, ತೀರ್ಥಹಳ್ಳಿಗಳ ಸೀಮೆಯಲ್ಲಿ ಒಂದು ಮಳೆಗಾಲವನ್ನಾದರೂ ಕಳೆದಿದ್ದ ಪಕ್ಷದಲ್ಲಿ, ಜಗಲಿಯ ಮೇಲೆ ಕುಳಿತು, ಬಾಯಲ್ಲಿ ಕವಳವಿಟ್ಟುಕೊಂಡು, ಒಂದು ‘ಹೂಂ’ಕಾರದಿಂದಲೂ ಗೋಣಿನ ಅರ್ಧಾಂಗುಲದ ಓಲಾಟದಿಂದಲೂ ಅಷ್ಟೂ ಭಾವಗಳನ್ನು ನಿರ್ವಹಿಸಬಲ್ಲ ಗೃಹಸ್ಥರನ್ನು ಕಂಡು, ತನ್ನ ಗ್ರಂಥವನ್ನು ಬಹಳವಾಗಿ ಸಂಕ್ಷೇಪಿಸುತ್ತಿದ್ದನೆಂಬುದರಲ್ಲಿ ಸಂಶಯವಿಲ್ಲ.

ಹ್ರಸ್ವವಾದ ‘ಹೂಂ’ ಸಮ್ಮತಿ, ದೀರ್ಘವಾದರೆ ‘ನೋಡೋಣ’, ಮೂಗಿನಿಂದ ಹೊರಟರೆ ‘ಈ ವರ್ಷ ಕೊಳೆರೋಗದಿಂದ ಅಡಿಕೆಯೆಲ್ಲ ಉದುರಿದೆ, ಹಣದ ಮಾತೆತ್ತಬೇಡ’. ಮಗನಿಗೆ ಇಂಜಿನಿಯರಿಂಗ್ ಸೀಟು ದೊರೆತ ವಾರ್ತೆಗೆ ತಂದೆಯು ‘ಹೂಂ’ ಎಂದು ತೋಟಕ್ಕಿಳಿಯುತ್ತಾನೆ. ತಾಯಿಯ ಹರ್ಷವು ಆ ರಾತ್ರಿ ಮಗನ ಎಲೆಯ ಮೇಲೆ ತುಪ್ಪದ ರೂಪದಲ್ಲಿ ಪ್ರಕಟವಾಗುತ್ತದೆ. ಆಕೆಯ ಕೋಪವಾದರೋ ಪಾತ್ರೆಗಳ ಮುಖಾಂತರ ಮಾತನಾಡುತ್ತದೆ. ವಾತ್ಸಲ್ಯವು ಸಮುದ್ರ ದಾಟಬೇಕಾದಾಗ ಅಪ್ಪೆಮಿಡಿಯ ಉಪ್ಪಿನಕಾಯಾಗಿ, ತೊಡೆದೇವಾಗಿ, ಪದರು ಪದರು ಪ್ಲಾಸ್ಟಿಕ್ಕಿನೊಳಗೆ ವಿಮಾನವೇರುತ್ತದೆ. ಉಳಿದಂತೆ ಅಳುವುದು, ಗರ್ಜಿಸುವುದು, ಎದೆ ಬಡಿದುಕೊಳ್ಳುವುದು ಮೊದಲಾದ ಶ್ರಮದ ಕೆಲಸಗಳನ್ನೆಲ್ಲ ಈ ಜನ ಯಕ್ಷಗಾನದ ವೇಷಧಾರಿಗಳಿಗೆ ಗುತ್ತಿಗೆ ಕೊಟ್ಟುಬಿಟ್ಟಿದ್ದಾರೆ. ಬೆಳಗಿನವರೆಗೆ ಕೌರವನ ಅಟ್ಟಹಾಸವನ್ನು ನೋಡಿ, ‘ಅಡ್ಡಿಲ್ಲೆ’ ಎಂಬ ಪರಮ ಪ್ರಶಸ್ತಿಯನ್ನಿತ್ತು ಎದ್ದು ಬರುತ್ತಾರೆ.

ಇಂಥ ಪರಂಪರೆಗೆ ಸೇರಿದ, ಹೊಸನಗರದ ಕಡೆಯವರಾದ ನಮ್ಮ ಮಾವನವರು ನ್ಯೂಜೆರ್ಸಿಯ ನಮ್ಮ ಮನೆಗೆ ದಯಮಾಡಿಸಿದಾಗ, ಬೆಳಗಿನ ವಾಯುವಿಹಾರದಲ್ಲಿ ಎದುರಾದವರೆಲ್ಲ ಹಲ್ಲು ತೋರಿ ನಕ್ಕು, ಕುಶಲ ಕೇಳಿ, ಉತ್ತರಕ್ಕೆ ಕಾಯದೆ ಮುಂದೆ ಸಾಗುವುದನ್ನು ಕಂಡು, ಮೊದಲು ತಮ್ಮ ಪಂಚೆಯನ್ನು ಪರೀಕ್ಷಿಸಿಕೊಂಡರು, ಅಲ್ಲೇನೂ ದೋಷವಿಲ್ಲವೆಂದು ಖಾತ್ರಿಯಾದ ಮೇಲೆ, “ಇವರೆಲ್ಲ ನಿಮಗೆ ಯಾವ ಕಡೆಯಿಂದ ನೆಂಟರು?” ಎಂದು ನನ್ನನ್ನು ವಿಚಾರಿಸಿದರು. ಮೊಮ್ಮಗಳು ಕೊರಳಿಗೆ ಜೋತುಬಿದ್ದು “ಲವ್ ಯೂ ಅಜ್ಜ” ಎಂದರೆ, “ಹೂಂ, ನಾಳೆ ಮಳೆ ಬರಬಹುದು” ಎಂದು ಉತ್ತರವಿತ್ತರು.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ಹಿನ್ನೀರು ಸಾಗರ, ಹೊಸನಗರ ತಾಲೂಕುಗಳ ಊರುಗಳನ್ನು ಆವರಿಸಿದ ಕಾಲದಲ್ಲಿ ಮನೆ ಬಿಟ್ಟು ಬಂದ ಬಾಲಕರಲ್ಲಿ ಮಾವನವರೂ ಒಬ್ಬರು. ಶಾಲೆಯ ಪ್ರಬಂಧಕ್ಕಾಗಿ ಮೊಮ್ಮಗಳು, “ಆಗ ನಿಮಗೆ ಹೇಗನ್ನಿಸಿತು ಅಜ್ಜ?” ಎಂದು ಕೇಳಿದಳು. “ನೀರು ಬಂತು, ನಾವು ಎದ್ದು ಬಂದೆವು” ಎಂದರು. ಅಜ್ಜನಿಗೆ ದುಃಖವಾಗಲಿಲ್ಲವೆಂದು ಅವಳು ಬರೆದುಕೊಂಡಳು. ಸುಣ್ಣ ಹಚ್ಚಿದ ವೀಳ್ಯದೆಲೆಗೇ ಅವರು ಮತ್ತೊಮ್ಮೆ ಸುಣ್ಣ ಹಚ್ಚಿದ್ದು ತೀರ್ಥಹಳ್ಳಿಯವನಾದ ನನಗೂ ಕಾಣಲಿಲ್ಲ; ಕಂಡವಳು ನನ್ನ ಹೆಂಡತಿ. ಅವಳು ಮಗಳ ಕೈಯಿಂದ ಪೆನ್ಸಿಲ್ ತೆಗೆದುಕೊಂಡು ಆ ಸಾಲನ್ನು ಹೊಡೆದುಹಾಕಿದಳು.

1872ರಲ್ಲಿ ಭಾವಪ್ರಕಟನೆಯ ಮೇಲೆ ಗ್ರಂಥವನ್ನೇ ರಚಿಸಿದ ಡಾರ್ವಿನ್, ಮನುಷ್ಯಕುಲದ ಮುಖಗಳೆಲ್ಲ ಮೂಲತಃ ಒಂದೇ ನುಡಿಯನ್ನಾಡುತ್ತವೆಂದು ವಾದಿಸಿದನು. ಅದನ್ನು ಎಲ್ಲಿ ಆಡಬೇಕು, ಎಲ್ಲಿ ನುಂಗಬೇಕೆಂಬುದನ್ನು ಆಯಾ ಸಮಾಜವೇ ಕಲಿಸುತ್ತದೆಂದು ಪಾಲ್ ಎಕ್‌ಮನ್ ಮೊದಲಾದ ಮನಶ್ಶಾಸ್ತ್ರಜ್ಞರು ತಿದ್ದಿದರು. 2015ರಲ್ಲಿ ಪ್ರಕಟವಾದ ಸಂಶೋಧನೆಯೊಂದು, ಕಳೆದ 500 ವರ್ಷಗಳಲ್ಲಿ ಹಲವು ದೇಶಗಳಿಂದ ಜನ ಬಂದು ನೆಲೆಸಿದ ನಾಡುಗಳಲ್ಲಿ ಭಾವವನ್ನು ಬಿಚ್ಚಿ ತೋರಿಸುವುದೇ ವಾಡಿಕೆಯೆಂದು ಕಂಡಿತು. ಪರಸ್ಪರರ ಭಾಷೆಯರಿಯದ ಅಪರಿಚಿತರಿಗೆ, ‘ನಾನು ಕೇಡಿಗನಲ್ಲ’ ಎಂದು ಸಾರಲು ನಗೆಗಿಂತ ಸುಲಭವಾದ ಸಾಧನ ಯಾವುದಿದೆ? ಆಗುಂಬೆಯ ಮಳೆ ಸುರಿಯುವ ನಮ್ಮ ಸೀಮೆಯಲ್ಲಾದರೋ ಕಣಿವೆಗೊಂದು ಮನೆ, ಮನೆಗೊಂದು ತೋಟ. ಎದುರಾದವನ ಅಜ್ಜ ಮಾಡಿದ ಸಾಲವೂ ತನಗೆ ತಿಳಿದಿರುವಾಗ, ಮುಖವು ಹೊಸದಾಗಿ ತಿಳಿಸಬೇಕಾದ ಸಂಗತಿಯಾದರೂ ಏನುಳಿದೀತು?

ಆದುದರಿಂದ ಹೊರನಾಡಿನ ತಂದೆತಾಯಿಗಳಲ್ಲಿ ನನ್ನದೊಂದು ಅರಿಕೆ: ಭಾನುವಾರದ ಕನ್ನಡ ತರಗತಿಯಲ್ಲಿ ಕಾಗುಣಿತದ ಜತೆಗೆ ಅಜ್ಜಂದಿರ ‘ಹೂಂ’ಕಾರದ ಹ್ರಸ್ವದೀರ್ಘಗಳನ್ನೂ ಮಕ್ಕಳಿಗೆ ಹೇಳಿಕೊಡಿ. ಅಜ್ಜಂದಿರಲ್ಲಿಯೂ ಅಷ್ಟೇ ವಿನಯದ ಬಿನ್ನಹ: ಬೆಳಿಗ್ಗೆ ಎದುರಾಗುವ, ಯಾವ ಕಡೆಯಿಂದಲೂ ನೆಂಟನಲ್ಲದ ಮನುಷ್ಯನಿಗೆ ಒಂದು ನಗೆ ನಕ್ಕುಬಿಡಿ. ಅಷ್ಟರಿಂದ ಅಡಿಕೆಯ ಧಾರಣೆಯೇನೂ ಇಳಿಯುವುದಿಲ್ಲ.